ಉಕ್ಕು ಲಂಡನ್‌ಗೆ ಹೋಯ್ತು, ಹದ ಹೋಗಲಿಲ್ಲ

ಇವತ್ತಿನ ಸಂಚಿಕೆ ಕತ್ತಿಗಳ ಬಗ್ಗೆ. ಯುದ್ಧ, ರಾಜರು ಎಲ್ಲ ಆಮೇಲೆ. ಮೊದಲು ಕತ್ತಿ ಬಡಿಯೋ ಕೈಯ ವಿಷಯ ಮಾತಾಡೋಣ. ಆ ಕೆಲಸ ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತೆ, ಯಾವಾಗ ದಾಟದೇ ನಿಂತುಹೋಗುತ್ತೆ ಅನ್ನೋದು ನನ್ನ ಪ್ರಶ್ನೆ.

ಫೋನ್ ಕೈಯಲ್ಲೇ ಇದ್ದರೆ ಇಂಗ್ಲಿಷ್ ನಿಘಂಟಿನಲ್ಲಿ ‘ವೂಟ್ಜ್’ ಅಂತ ಹುಡುಕಿ. ಮೂಸೆಯಲ್ಲಿ ಕರಗಿಸಿ ಮಾಡಿದ ಭಾರತದ ಉಕ್ಕು ಅಂತ ಬರುತ್ತೆ. ಪದದ ಮೂಲ ನೋಡಿದರೆ ನಮ್ಮ ಕನ್ನಡದ ‘ಉಕ್ಕು’. ಯಾರೋ ‘ವೂಕ್’ ಅಂತ ಬರೆದದ್ದು ಅಚ್ಚಿನಲ್ಲಿ ತಪ್ಪಾಗಿ ‘ವೂಟ್ಜ್’ ಆಯ್ತು ಅನ್ನೋದು ನಿಘಂಟುಕಾರರ ಊಹೆ. ಅಕ್ಷರ ತಪ್ಪಿದ್ದು ಇನ್ನೂರು ವರ್ಷ ದಾಟಿದರೂ ಹಾಗೇ ಉಳಿದಿದೆ.

ಈ ಉಕ್ಕನ್ನು ಮಾಡುತ್ತಿದ್ದದ್ದು ಹೇಗೆ? 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಮೈಸೂರು ಸೀಮೆಯಲ್ಲಿ ಏನೇನಿದೆ ನೋಡಿ ಬಾ ಅಂತ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕನನ್ ಅನ್ನೋ ವೈದ್ಯನನ್ನು ಕಳಿಸಿತು. ಆತ ಕುಲುಮೆಗಳ ಮುಂದೆ ನಿಂತು ಕಂಡದ್ದನ್ನೆಲ್ಲ ಬರೆದುಕೊಂಡ. ಸಣ್ಣ ಮಣ್ಣಿನ ಮೂಸೆ, ಅದರೊಳಗೆ ಒಂದು ತುಂಡು ಕಬ್ಬಿಣ, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ, ಇದ್ದಿಲ ಬೆಂಕಿಯಲ್ಲಿ ಇಟ್ಟು, ತಿದಿ ಒತ್ತುತ್ತಾ ಹೋಗೋದು. ಕಡ್ಡಿ, ಎಲೆಯಲ್ಲಿರೋ ಇಂಗಾಲವನ್ನು ಕಬ್ಬಿಣ ಹೀರಿಕೊಂಡು ಕರಗುತ್ತೆ. ಆರಿದ ಮೇಲೆ ಮೂಸೆ ಒಡೆದರೆ ಒಳಗೆ ಉಕ್ಕಿನ ಗಟ್ಟಿ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೀತಾರೆ, ಅದು ದೂರದೂರಕ್ಕೆ ಹೋಗುತ್ತೆ ಅಂತಲೂ ಬುಕನನ್ ಬರೆದಿದ್ದಾನೆ. ಚನ್ನಪಟ್ಟಣ ಅಂದರೆ ನಮಗೆ ಮರದ ಬೊಂಬೆ ಅಷ್ಟೇ ನೆನಪಾಗೋದು, ಅಲ್ವಾ?

ದಕ್ಷಿಣ ಭಾರತದ ಇಂಥ ಗಟ್ಟಿಗಳು ಹಡಗು ಹತ್ತಿ ಪರ್ಷಿಯಾ, ಅರಬ್ ನಾಡುಗಳಿಗೆ ಹೋಗ್ತಿದ್ದವು. ಅಲ್ಲಿನ ಕಮ್ಮಾರರು ಅದನ್ನು ಬಡಿದು ಕತ್ತಿ ಮಾಡಿದರೆ ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆ ಏಳ್ತಿತ್ತು. ಯುರೋಪಿನವರು ಅದಕ್ಕೆ ‘ಡಮಾಸ್ಕಸ್ ಕತ್ತಿ’ ಅಂದರು.

ಈಗ ಲಂಡನ್. 1794ರಲ್ಲಿ ಬೊಂಬಾಯಿಯ ವೈದ್ಯ ಹೆಲೆನಸ್ ಸ್ಕಾಟ್ ಈ ಉಕ್ಕಿನ ಮಾದರಿಯನ್ನು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಬರೆದ. ಆ ಪ್ರಬಂಧದಲ್ಲಿ ರಸಾಯನಶಾಸ್ತ್ರಕ್ಕಿಂತ ನನಗೆ ಇಷ್ಟವಾದದ್ದು ಒಂದು ಪುಟ್ಟ ಸಂಗತಿ. ಜೇಮ್ಸ್ ಸ್ಟೋಡಾರ್ಟ್ ಅಂತ ಲಂಡನ್ನಿನಲ್ಲಿ ಚಾಕು, ಶಸ್ತ್ರಚಿಕಿತ್ಸೆಯ ಉಪಕರಣ ಮಾಡೋನಿದ್ದ. ಅವನ ಕೈಗೆ ಒಂದು ತುಂಡು ಕೊಟ್ಟು ಸಣ್ಣ ಚಾಕು ಮಾಡಿಸಿದರು. ಕತ್ತಲಲ್ಲಿ ಕೆಂಪು ಕಂಡೂ ಕಾಣದಷ್ಟು ಕಾವಿನಲ್ಲಿ ಅವನು ಅದನ್ನು ಬಡಿದ. ತುಂಬಾ ಕಷ್ಟಪಟ್ಟ. ಆದರೆ ಚಾಕು ಒಳ್ಳೆಯ ಉಕ್ಕಿನ ಚಾಕುವಿಗೆ ಸಮನಾಗಿ ಕೊಯ್ಯಿತು.

ಆ ಮಂದ ಕೆಂಪು ಯಾಕೆ ಅಷ್ಟು ಮುಖ್ಯ? ಕಟ್ಟಡಕ್ಕೆ ಹಾಕೋ ಸರಳಿನಲ್ಲಿ ಇಂಗಾಲ ನೂರಕ್ಕೆ 0.2ರ ಆಸುಪಾಸು ಇರುತ್ತೆ. ಈ ಉಕ್ಕಿನಲ್ಲಿ ಸುಮಾರು 1.5. ಮಾಮೂಲಿ ಕಬ್ಬಿಣದ ಹಾಗೆ ಬೆಳ್ಳಗೆ ಕಾಯಿಸಿ ಸುತ್ತಿಗೆ ಹಾಕಿದರೆ ಮುಗೀತು, ಪುಡಿಪುಡಿ. ಕಾವು ಕಡಿಮೆಯಾದರೂ ಬಿರುಕು ಬಿಡುತ್ತೆ. ನಡುವೆ ಇರೋ ಆ ಸಣ್ಣ ಕಿಂಡಿಯೊಳಗೇ ಬಡೀಬೇಕು. ಥರ್ಮಾಮೀಟರ್ ಇಲ್ಲ, ಕಣ್ಣೇ ಮೀಟರ್. ಕುಲುಮೆಯನ್ನ ಕತ್ತಲಲ್ಲಿ ಇಟ್ಟಿರೋದು ಬಡತನಕ್ಕೆ ಅಂದ್ಕೋಬೇಡಿ. ಬಿಸಿಲು ಬಿದ್ದರೆ ಬಣ್ಣ ಕಾಣಲ್ಲ.

ಹಳೇ ಕುಲುಮೆಗಳಲ್ಲಿ ಹೊಸ ಹುಡುಗನಿಗೆ ಮೊದಲ ದಿನವೇ ಸುತ್ತಿಗೆ ಕೊಡ್ತಿರಲಿಲ್ಲ. ತಿದಿ ಒತ್ತೋಕೆ ಕೂರಿಸ್ತಿದ್ದರು. ಹೊರಗಿನಿಂದ ನೋಡಿದರೆ ಚಾಕರಿ. ನನ್ನ ಲೆಕ್ಕದಲ್ಲಿ ಅದೇ ಪಾಠ. ಬೆಂಕಿಗೆ ಗಾಳಿ ಕೊಡೋ ಹುಡುಗ ದಿನವಿಡೀ ನೋಡೋದು ಒಂದೇ, ಬಣ್ಣ. ಯಾವ ಕೆಂಪಿಗೆ ಅಪ್ಪ ಇಕ್ಕಳ ಎತ್ತಿದ, ಯಾವ ಕೆಂಪಿಗೆ ಬೈದ, ಎಲ್ಲ ಕಣ್ಣಲ್ಲಿ ಕೂತುಬಿಡುತ್ತೆ. ನಾವು ‘ಹದ’ ಅನ್ನೋದು ಇದಕ್ಕೇ. ಇದನ್ನು ಪತ್ರದಲ್ಲಿ ಬರೆದು ಲಂಡನ್‌ಗೆ ಕಳಿಸೋದು ಹೇಗೆ?

ಸ್ಟೋಡಾರ್ಟ್ ಜೊತೆ ಆಮೇಲೆ ಸೇರಿದವನು ಮೈಕೆಲ್ ಫ್ಯಾರಡೆ. ಹೌದು, ಫಿಸಿಕ್ಸ್ ಪುಸ್ತಕದ ಅದೇ ಫ್ಯಾರಡೆ. ಅವನ ಅಪ್ಪ ಕಮ್ಮಾರ. 1819ರಲ್ಲಿ ಫ್ಯಾರಡೆ ಭಾರತದ ಉಕ್ಕನ್ನು ಪರೀಕ್ಷಿಸಿ, ಅದರ ಗುಟ್ಟು ಅಲ್ಯೂಮಿನಿಯಂ ಅಂಶದಲ್ಲಿದೆ ಅಂದ. ಅದು ಸರಿಯಿರಲಿಲ್ಲ. ಆದರೆ ಆ ಜಾಡು ಹಿಡಿದು ಇಬ್ಬರೂ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದರು. ಮಿಶ್ರಲೋಹದ ಉಕ್ಕಿನ ಮೊದಮೊದಲ ವ್ಯವಸ್ಥಿತ ಪ್ರಯೋಗಗಳು ಅವು.

ಇತ್ತ ನಮ್ಮಲ್ಲಿ? ಇಂಗ್ಲೆಂಡಿನ ಅಗ್ಗದ ಕಬ್ಬಿಣ, ಉಕ್ಕು ಬಂದು ತುಂಬಿತು. ಇದ್ದಿಲಿಗೆ ಬೇಕಾದ ಕಾಡು ಸರ್ಕಾರದ ಕೈಗೆ ಹೋಯ್ತು. ಕತ್ತಿ ಕೊಳ್ಳುತ್ತಿದ್ದ ಪಾಳೆಯಗಾರರು, ಸೈನ್ಯಗಳು ಇಲ್ಲವಾದವು. ಮೂಸೆಗಳು ಆರಿದವು. ತಿದಿ ಒತ್ತೋ ಹುಡುಗ ಬೇರೆ ಕೆಲಸ ಹುಡುಕಿಕೊಂಡ. ಒಂದೇ ಒಂದು ತಲೆಮಾರು ಕೂರದಿದ್ದರೂ ಸಾಕು, ಈ ವಿದ್ಯೆ ಹೋಗುತ್ತೆ.

ಆಮೇಲಿನ ಭಾಗ ಅಮೆರಿಕದಲ್ಲಿ. ಅಯೋವಾ ಸ್ಟೇಟ್ ಯೂನಿವರ್ಸಿಟಿಯ ಲೋಹಶಾಸ್ತ್ರದ ಪ್ರೊಫೆಸರ್ ಜಾನ್ ವರ್‌ಹೋವನ್, ಫ್ಲೋರಿಡಾದ ಕತ್ತಿ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ. ಒಬ್ಬರ ಹತ್ತಿರ ಮೈಕ್ರೋಸ್ಕೋಪು, ಇನ್ನೊಬ್ಬರ ಹತ್ತಿರ ಸುತ್ತಿಗೆ. ಮೂಸೆಯಲ್ಲಿ ಉಕ್ಕು ಕರಗಿಸೋದು, ಮಂದ ಕಾವಿನಲ್ಲಿ ಬಡಿಯೋದು, ಮತ್ತೆ ಕಾಯಿಸೋದು, ಮತ್ತೆ ಬಡಿಯೋದು. ಕಾದು ಆರೋ ಸುತ್ತುಗಳು ಹೆಚ್ಚಿದ ಹಾಗೆ ಒಳಗಿನ ಗಡಸು ಕಣಗಳು ಸಾಲಾಗಿ ಕೂರ್ತಾ ಹೋಗ್ತವೆ. 1998ರ ಪ್ರಬಂಧದಲ್ಲಿ ಅವರು ಗುಟ್ಟು ಹೇಳಿದರು: ಉಕ್ಕಿನಲ್ಲಿ ವನೇಡಿಯಂನಂಥ ಲೋಹ ಅತಿ ಅತಿ ಕಡಿಮೆ ಪ್ರಮಾಣದಲ್ಲಿ ಇದ್ದರೆ ಮಾತ್ರ ಆ ಸಾಲು ಕೂಡುತ್ತೆ. ಅದಿರು ಬೇರೆಯಾದರೆ ಗೆರೆ ಇಲ್ಲ.

ಸಾಣೆಯ ವಿಷಯಕ್ಕೂ ಬರಲೇಬೇಕು. ಒರಟು ಕಲ್ಲಿನಿಂದ ನಯವಾದದ್ದಕ್ಕೆ ಹಂತಹಂತವಾಗಿ ಉಜ್ಜಿ ಕನ್ನಡಿಯ ಹಾಗೆ ಮಾಡಿದರೂ ಅಲಗಿನಲ್ಲಿ ಅಲೆ ಸರಿಯಾಗಿ ಕಾಣಲ್ಲ. ಹದವಾದ ಆಮ್ಲ ಹಚ್ಚಿದಾಗ ಸುತ್ತಲಿನ ಉಕ್ಕು ಕಪ್ಪಾಗಿ, ಗಡಸು ಕಣಗಳ ಸಾಲು ಬೆಳ್ಳಗೆ ಏಳುತ್ತೆ. ಉಜ್ಜುವಾಗ ಒಂದು ಗೀರು ಉಳಿದಿದ್ದರೂ ಆಗ ಎದ್ದು ಕಾಣುತ್ತೆ. ಅಂದ ಹಾಗೆ, ಇವತ್ತು ಆನ್‌ಲೈನ್‌ನಲ್ಲಿ ಸಿಗೋ ‘ಡಮಾಸ್ಕಸ್’ ಅಡುಗೆ ಚಾಕುಗಳು ಬಹುಪಾಲು ಬೇರೆ ಜಾತಿಯವು. ಎರಡು ಥರದ ಉಕ್ಕಿನ ಪದರ ಬೆಸೆದದ್ದು. ಕೆಲವದರಲ್ಲಿ ಗೆರೆ ಬರೀ ಮೇಲೆ ಕೊರೆದದ್ದು. ದುಡ್ಡು ಕೊಡೋ ಮುಂಚೆ ಕೇಳಿ.

2006ರಲ್ಲಿ ಜರ್ಮನಿಯ ವಿಜ್ಞಾನಿಗಳು ಇಂಥ ಹಳೇ ಕತ್ತಿಯೊಂದರಲ್ಲಿ ಕಾರ್ಬನ್ ನ್ಯಾನೋಟ್ಯೂಬ್ ಕಂಡೆವು ಅಂದರು. ತಕ್ಷಣ ವಾಟ್ಸಾಪ್‌ನಲ್ಲಿ ‘ನಮ್ಮ ಪೂರ್ವಜರಿಗೆ ನ್ಯಾನೋ ಟೆಕ್ನಾಲಜಿ ಗೊತ್ತಿತ್ತು’. ಅವರಿಗೆ ಗೊತ್ತಿದ್ದದ್ದು ಕೆಂಪಿನ ಬಣ್ಣಗಳು ಕಣ್ರೀ. ಅದೇನು ಕಮ್ಮಿಯಾ?

ಅಮೆರಿಕದಲ್ಲಿ 1976ರಲ್ಲಿ ಕತ್ತಿ ಕಮ್ಮಾರರ ಸಂಘ ಶುರುವಾಗಿ, ಕಲಿಯೋರಿಗೆ ಪರೀಕ್ಷೆಯನ್ನೂ ಇಟ್ಟಿತು. ತಾನೇ ಬಡಿದ ಚಾಕುವಿನಿಂದ ನೇತಾಡೋ ಹಗ್ಗವನ್ನು ಒಂದೇ ಏಟಿಗೆ ಕಡೀಬೇಕು. ಮರದ ತುಂಡನ್ನು ಎರಡು ಸಲ ಕಡೀಬೇಕು. ಆಮೇಲೂ ಅದೇ ಬಾಯಿ ಕೈಮೇಲಿನ ಕೂದಲು ಬೋಳಿಸಬೇಕು. ಕೊನೆಗೆ ಅದನ್ನು ಬಗ್ಗಿಸಿದರೆ 90 ಡಿಗ್ರಿ ಬಾಗಬೇಕು, ಮುರೀಬಾರದು. ಜೊತೆಗೆ ನಯಗಾರಿಕೆ ನೋಡೋಕೆ ಐದು ಚಾಕುಗಳನ್ನ ಹಿರಿಯರ ಮುಂದಿಡಬೇಕು. ಸರ್ಟಿಫಿಕೇಟ್ ಆಮೇಲೆ.

ವರ್‌ಹೋವನ್ ನಿವೃತ್ತಿಯಾದ ಮೇಲೆ, 2005ರಲ್ಲಿ, ಉಕ್ಕಿನ ಶಾಸ್ತ್ರದ ಬಗ್ಗೆ ಒಂದು ಇಡೀ ಪುಸ್ತಕ ಬರೆದರು. ಬರೆದದ್ದು ಪ್ರೊಫೆಸರ್‌ಗಳಿಗಲ್ಲ, ಕತ್ತಿ ಬಡಿಯೋ ಕಮ್ಮಾರರಿಗೆ.