ಬೋನ್ ಪಟ್ಟಣದ ದ್ರಾಕ್ಷಿ ಕೂಲಿಯ ಲೆಕ್ಕ

ಜನವರಿ 22 ಸಂತ ವಿನ್ಸೆಂಟರ ಹಬ್ಬ. ಸ್ಪೇನ್ ದೇಶದ ಸರಗೋಸಾ ಪಟ್ಟಣದಲ್ಲಿ ಡೀಕನ್ ಆಗಿದ್ದು, ರೋಮ್ ಚಕ್ರವರ್ತಿ ಡಯೋಕ್ಲೀಷಿಯನ್ನನ ಹಿಂಸೆಯ ಕಾಲದಲ್ಲಿ ಪ್ರಾಣ ತೆತ್ತ ರಕ್ತಸಾಕ್ಷಿ ಇವರು. ನಮ್ಮ ಧರ್ಮಕೇಂದ್ರಗಳಲ್ಲಿ ಈ ದಿನ ಬೆಳಗಿನ ಬಲಿಪೂಜೆಯೊಂದಿಗೆ ಸದ್ದಿಲ್ಲದೆ ಕಳೆದುಹೋಗುತ್ತದೆ. ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತ್ಯದಲ್ಲಿ ಹಾಗಲ್ಲ. ಅಲ್ಲಿ ಅವರು ದ್ರಾಕ್ಷಿ ಬೆಳೆಗಾರರ ಪಾಲಕ ಸಂತರು. 1938ರಲ್ಲಿ ಆರಂಭವಾದ ಕ್ರಮದಂತೆ ವರ್ಷಕ್ಕೊಂದು ಹಳ್ಳಿಯವರು ಹಬ್ಬದ ಸರದಿ ವಹಿಸಿಕೊಳ್ಳುತ್ತಾರೆ. ಊರೂರಿನ ಬೆಳೆಗಾರರು ಸಂತರ ಪ್ರತಿಮೆಗಳನ್ನು ಹೊತ್ತು ಕೊರೆಯುವ ಚಳಿಯಲ್ಲಿ ಮೆರವಣಿಗೆ ಬರುತ್ತಾರೆ. ಈ ಸಂತರಿಗೂ ದ್ರಾಕ್ಷಿತೋಟಕ್ಕೂ ನಂಟು ಬಂದದ್ದು ಹೇಗೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕತೆ. ಫ್ರೆಂಚ್ ಭಾಷೆಯಲ್ಲಿ ವೈನಿಗಿರುವ ಪದದ ಸದ್ದಿನಿಂದಲೇ ಸಂತರ ಹೆಸರೂ ಶುರುವಾಗುತ್ತದೆ, ಅಷ್ಟೇ ಎನ್ನುವವರೂ ಇದ್ದಾರೆ.

ಹಬ್ಬ ಜನವರಿಯಲ್ಲಿ ಬರುವುದಕ್ಕೂ ತೋಟದ ಕೆಲಸಕ್ಕೂ ಹೊಂದಿಕೆಯಿದೆ. ನಮ್ಮ ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಆ ಬಳ್ಳಿಗೆ ನಿದ್ದೆಯೇ ಇಲ್ಲ. ಬರ್ಗಂಡಿಯ ಬಳ್ಳಿ ಚಳಿಗಾಲವಿಡೀ ಎಲೆ ಉದುರಿಸಿ ಮಲಗಿರುತ್ತದೆ. ಆಗಲೇ ಅದನ್ನು ಸವರಬೇಕು. ವಿಜಯಪುರದ ಬೆಳೆಗಾರರು ‘ಚಾಟ್ನಿ’ ಎನ್ನುವುದು ಇದನ್ನೇ. ಏಪ್ರಿಲ್‌ನಲ್ಲಿ ಚಿಗುರು, ಜೂನ್‌ನಲ್ಲಿ ಹೂವು, ಹೂ ಬಿಟ್ಟ ನೂರು ದಿನಕ್ಕೆ ಕೊಯ್ಲು ಎಂಬುದು ಅವರ ಅಜ್ಜಂದಿರ ಲೆಕ್ಕ. ಮೇ ತಿಂಗಳ 11, 12, 13ರಂದು ಬರುವ ಸಂತ ಮಾಮೆರ್ತುಸ್, ಸಂತ ಪಂಕ್ರಾಸ್, ಸಂತ ಸರ್ವೇಷಿಯಸ್ ಇವರನ್ನು ‘ಹಿಮದ ಸಂತರು’ ಎಂದು ಕರೆದು, ಆ ಮೂರು ದಿನ ದಾಟಿದರೆ ಚಿಗುರಿಗೆ ಚಳಿಯ ಭಯವಿಲ್ಲವೆಂದು ನಂಬುತ್ತಿದ್ದರು. ತಂದೆಯಿಂದ ಮಗನಿಗೆ, ಮಠದ ಹಿರಿಯ ಸಹೋದರರಿಂದ ಕಿರಿಯರಿಗೆ ಈ ವಿದ್ಯೆ ದಾಟಿದ್ದು ಹೀಗೆ. ಸಂತರ ಪಂಚಾಂಗವೇ ಪಠ್ಯಪುಸ್ತಕ.

ಆ ಪಂಚಾಂಗ ಈಗ ತಪ್ಪುತ್ತಿದೆ. ಹಾಗಿರುವಾಗ ಹೊಸದಾಗಿ ಈ ಕಸುಬಿಗೆ ಬರುವ ಹದಿನೆಂಟು, ಇಪ್ಪತ್ತರ ಪ್ರಾಯದವರಿಗೆ ಏನನ್ನು ಕಲಿಸುವುದು? ಇದನ್ನು ಬರ್ಗಂಡಿಯ ವೈನ್ ವ್ಯಾಪಾರದ ಕೇಂದ್ರವಾದ ಬೋನ್ ಎಂಬ ಸಣ್ಣ ಪಟ್ಟಣದ ಚರಿತ್ರೆಯಿಂದಲೇ ನೋಡುವುದು ಒಳ್ಳೆಯದು. ಏಕೆಂದರೆ ಪಂಚಾಂಗ ತಪ್ಪಿದ್ದು ಎಷ್ಟೆಂದು ಖಚಿತವಾಗಿ ತಿಳಿದದ್ದು ಅಲ್ಲಿಯ ಹಳೆಯ ಲೆಕ್ಕದ ಪುಸ್ತಕಗಳಿಂದ.

ಬೋನ್ ಪಟ್ಟಣದ ಮಾತೆ ಮರಿಯಮ್ಮನವರ ದೇವಾಲಯಕ್ಕೆ ಊರಿನ ಅಂಚಿನಲ್ಲಿ ಸ್ವಂತ ದ್ರಾಕ್ಷಿತೋಟಗಳಿದ್ದವು. ಕೊಯ್ಲಿಗೆ ಬಂದ ಆಳುಗಳಿಗೆ ಯಾವ ದಿನ ಎಷ್ಟು ಕೂಲಿ ಕೊಟ್ಟೆವು ಎಂದು ದೇವಾಲಯದವರು ಬರೆದಿಟ್ಟರು. ಊರಿನ ಸಭೆಯೂ ಪ್ರತಿ ವರ್ಷ ಕೂಡಿ, ಇಂಥ ದಿನದಿಂದ ಕೊಯ್ಲು, ಅದಕ್ಕೆ ಮೊದಲು ಯಾರೂ ತೋಟಕ್ಕೆ ಕೈ ಹಾಕಕೂಡದು ಎಂದು ಸಾರುತ್ತಿತ್ತು, ಅದೂ ದಾಖಲೆಯಾಯಿತು. ಹವಾಮಾನದ ವಿಷಯ ಬರೆಯುತ್ತಿದ್ದೇವೆಂದು ಆ ಲೆಕ್ಕ ಬರೆದವರಾರೂ ಭಾವಿಸಿರಲಾರರು. ಅವರ ಚಿಂತೆಯೆಲ್ಲ ಕಾಸಿನದು. ಆದರೆ ಬೇಸಗೆ ಬಿಸಿಯಾಗಿದ್ದರೆ ದ್ರಾಕ್ಷಿ ಬೇಗ ಮಾಗುತ್ತದೆ, ತಂಪಾಗಿದ್ದರೆ ತಡ. ಹೀಗಾಗಿ ಕೊಯ್ಲಿನ ತಾರೀಕು ಆ ವರ್ಷದ ಬಿಸಿಲನ್ನು ತಾನೇ ಹೇಳುತ್ತದೆ. ಫ್ರೆಂಚ್ ಚರಿತ್ರೆಕಾರ ಎಮಾನ್ಯುಯೆಲ್ ಲ ರ್‍ವಾ ಲಾದ್ಯುರಿ 1967ರ ತಮ್ಮ ಹವಾಮಾನ ಚರಿತ್ರೆಯಲ್ಲಿ ಈ ದಾರಿಯನ್ನು ಬಳಸಿದ್ದರು. ಥಾಮಸ್ ಲಾಬೆ ಮತ್ತು ಸಂಗಡಿಗರು ಬೋನ್ ಪಟ್ಟಣದ ಮೂಲ ಕಾಗದಗಳನ್ನೇ ಓದಿ, 1354ರಿಂದ 2018ರವರೆಗಿನ ತಾರೀಕುಗಳ ಪಟ್ಟಿಯನ್ನು 2019ರಲ್ಲಿ ಪ್ರಕಟಿಸಿದರು. 1354 ಎಂದರೆ ಮಹಾಮಾರಿ ಪ್ಲೇಗು ಫ್ರಾನ್ಸಿಗೆ ಬಂದು ಇನ್ನೂ ಏಳು ವರ್ಷ ತುಂಬದ ಕಾಲ. ನಡುವೆ ಒಂದು ತೊಡಕು ನಮ್ಮ ವಿಶ್ವಗುರುಗಳಿಂದಲೇ ಬಂತು! 1582ರಲ್ಲಿ ಹದಿಮೂರನೆಯ ಗ್ರೆಗೊರಿಯವರು ಪಂಚಾಂಗ ತಿದ್ದಿ ಹತ್ತು ದಿನ ತೆಗೆದುಹಾಕಿದ್ದರಿಂದ, ಅದಕ್ಕೆ ಹಿಂದಿನ ತಾರೀಕುಗಳನ್ನೆಲ್ಲ ಹೊಸ ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕಾಯಿತು.

ಆ ಪಟ್ಟಿ ಹೇಳುವುದಿಷ್ಟು. 1354ರಿಂದ 1987ರವರೆಗೆ ಕೊಯ್ಲು ಸರಾಸರಿ ಸೆಪ್ಟೆಂಬರ್ 28ಕ್ಕೆ ಆರಂಭವಾಗುತ್ತಿತ್ತು. 1988ರಿಂದ 2018ರವರೆಗೆ ಅದು ಸರಾಸರಿ 13 ದಿನ ಮುಂದಕ್ಕೆ ಬಂದಿದೆ. ಹಿಂದೆಯೂ ಉರಿಬೇಸಗೆಗಳಿದ್ದವು, 1540ರದು ಯೂರೋಪಿನಲ್ಲೆಲ್ಲ ಹೆಸರಾಗಿದೆ. ಆದರೆ 1720ರಿಂದ 2002ರವರೆಗಿನ ಸುಮಾರು ಮುನ್ನೂರು ವರ್ಷಗಳಲ್ಲಿ ತೀರ ಮುಂಚಿನ ಕೊಯ್ಲು ಬಂದದ್ದು 5 ಸಲ ಮಾತ್ರ. 2003ರಿಂದ 2018ರವರೆಗಿನ 16 ವರ್ಷಗಳಲ್ಲೋ 8 ವರ್ಷ ಅಸಾಧಾರಣ ಬಿಸಿಯವು. 2003ರಲ್ಲಿ ಆಗಸ್ಟ್ ತಿಂಗಳಲ್ಲೇ ಕೊಯ್ಲಿಗಿಳಿಯಬೇಕಾಯಿತು. ಆಳುಗಳಿಲ್ಲ, ಅನೇಕ ಮನೆಯವರು ರಜೆಗೆ ಹೋಗಿದ್ದ ಕಾಲ.

ಬೇಗ ಮಾಗಿದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ನಮಗೂ ಮೊದಲು ಹಾಗೇ ತೋರಿತು. ವೈನಿಗೆ ಬೇಕಾದದ್ದು ಸಿಹಿಯೊಂದೇ ಅಲ್ಲ, ಹುಳಿಯೂ ಬೇಕು. ಸಿಪ್ಪೆ ಬೀಜಗಳ ಒಗರೂ ಹದಕ್ಕೆ ಬರಬೇಕು. ಸುಡುಬಿಸಿಲಿನಲ್ಲಿ ಸಕ್ಕರೆ ಓಡೋಡಿ ಬರುತ್ತದೆ, ಹುಳಿ ಅಷ್ಟೇ ವೇಗದಲ್ಲಿ ಇಳಿಯುತ್ತದೆ, ಬೀಜ ಮಾತ್ರ ಇನ್ನೂ ಹಸಿರಾಗಿರುತ್ತದೆ. ಈಗಲೇ ಕೊಯ್ದರೆ ಒಗರು, ಕಾದರೆ ಸಪ್ಪೆಯಾದ, ಅಮಲು ಹೆಚ್ಚಿದ ವೈನು. ಹಳೆಯ ಪಾಠ ಇದಕ್ಕೆ ನೇರ ವಿರುದ್ಧವಾಗಿತ್ತು. ಚಳಿ ಹೆಚ್ಚಿ ದ್ರಾಕ್ಷಿ ಸಿಹಿಯಾಗದಿದ್ದರೆ ರಸಕ್ಕೆ ಸಕ್ಕರೆ ಬೆರೆಸುವುದು ಹೇಗೆಂದು 1801ರಲ್ಲಿ ರಸಾಯನ ಶಾಸ್ತ್ರಜ್ಞ ಶಾಪ್ತಾಲ್ ಬರೆದರು. ಆ ಕ್ರಮಕ್ಕೆ ಅವರ ಹೆಸರೇ ನಿಂತಿತು. ತಲೆಮಾರುಗಳು ಅದನ್ನೇ ಕಲಿತವು. 2003ರಲ್ಲಿ ಸಕ್ಕರೆಯ ಬದಲು ಹುಳಿ ಬೆರೆಸಲು ಐರೋಪ್ಯ ಒಕ್ಕೂಟ ವಿಶೇಷ ಅನುಮತಿ ಕೊಡಬೇಕಾಯಿತು. ಬಲಿಪೂಜೆಯ ದ್ರಾಕ್ಷಾರಸದ ವಿಷಯದಲ್ಲಿ ಧರ್ಮಸಭೆಯ ಕಾನೂನಿನ 924ನೆಯ ವಿಧಿ, ಅದು ದ್ರಾಕ್ಷಿಯ ಸಹಜ ರಸವಾಗಿರಬೇಕು, ಕೆಟ್ಟಿರಬಾರದು ಎನ್ನುತ್ತದೆ. ಪೀಪಾಯಿಯ ಬಳಿ ನಿಂತು ತಿದ್ದುವುದಕ್ಕಿಂತ ತೋಟದಲ್ಲೇ ಹಣ್ಣನ್ನು ಸರಿಯಾಗಿ ಬೆಳೆಯುವುದು ಹೇಗೆಂದು ಕಲಿಸುವುದೇ ಲೇಸೆಂದು ನಮಗನ್ನಿಸುತ್ತದೆ. ಅಲ್ಲಿನ ಬಹುಮಂದಿ ಉಪಾಧ್ಯಾಯರ ಒಲವೂ ಅತ್ತಲೇ.

ಬರ್ಗಂಡಿಯವರ ಕಷ್ಟ ಇನ್ನೂ ಒಂದು ಗಂಟಿನಲ್ಲಿದೆ. ಅವರ ಕೆಂಪು ವೈನೆಲ್ಲ ಬಹುಮಟ್ಟಿಗೆ ಪಿನೋ ನ್ವಾರ್ ಎಂಬ ಒಂದೇ ಜಾತಿಯ ದ್ರಾಕ್ಷಿಯದು. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್, ಹೆಚ್ಚು ಇಳುವರಿ ಕೊಡುವ ಗಾಮೇ ಎಂಬ ಜಾತಿಯನ್ನು ನಂಬಿಕೆದ್ರೋಹದ ಗಿಡವೆಂದು ಜರೆದು, ಬೇರುಸಹಿತ ಕೀಳಿಸಬೇಕೆಂದು ಆಜ್ಞೆ ಹೊರಡಿಸಿದ. ಅಂದಿನಿಂದ ಪಿನೋ ನ್ವಾರ್ ಅಲ್ಲಿಯ ಕುಲದೀಪ. ಅದು ತಂಪು ನಾಡಿಗೆ ಒಗ್ಗಿದ, ತಾನಾಗಿಯೇ ಬೇಗ ಮಾಗುವ ಜಾತಿ. ಬಿಸಿ ಹೆಚ್ಚಿದರೆ ಮೊದಲು ಹದ ತಪ್ಪುವುದೂ ಅದೇ. ಆರು ಶತಮಾನದ ಕೀರ್ತಿಯನ್ನು ಒಂದೇ ಗೂಟಕ್ಕೆ ಕಟ್ಟಿದಂತಾಗಿದೆ.

ಇಂಥ ಸಂಕಟ ಅವರಿಗೆ ಹೊಸದೇನಲ್ಲ. 1860ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ಬಳ್ಳಿಗಳು ಕಾರಣ ತಿಳಿಯದೆ ಒಣಗತೊಡಗಿದವು. 1868ರಲ್ಲಿ ಮೋಂಪೆಲಿಯೆಯ ಸಸ್ಯಶಾಸ್ತ್ರಜ್ಞ ಪ್ಲಾಂಶೋನ್ ಮತ್ತು ಸಂಗಡಿಗರು ಬೇರು ಅಗೆದು ನೋಡಿದಾಗ ಸಣ್ಣ ಹೇನುಗಳು ಮುತ್ತಿರುವುದು ಕಂಡಿತು. ಅಮೆರಿಕದಿಂದ ಗಿಡಗಳ ಜೊತೆ ಬಂದ ಫಿಲಾಕ್ಸರ ಅದು. 1878ರಲ್ಲಿ ಬೋನ್ ಪಕ್ಕದ ಮರ್ಸೋ ಹಳ್ಳಿಯಲ್ಲಿ ಕಾಣಿಸಿಕೊಂಡಿತು. ನೆಲಕ್ಕೆ ಗಂಧಕದ ದ್ರಾವಣ ಚುಚ್ಚಿ ಹೇನನ್ನು ಕೊಲ್ಲೋಣ ಎಂದಿತು ಒಂದು ಪಕ್ಷ. ಹೇನನ್ನು ತಾಳಿಕೊಳ್ಳುವ ಅಮೆರಿಕದ ಬೇರಿನ ಮೇಲೆ ನಮ್ಮ ಬಳ್ಳಿಯನ್ನು ಕಸಿ ಕಟ್ಟೋಣ ಎಂದಿತು ಇನ್ನೊಂದು. ಹೊರಗಿನ ಬೇರು ಬಂದರೆ ನಮ್ಮ ವೈನಿನ ರುಚಿಯೇ ಕೆಡುತ್ತದೆಂಬ ಭಯದಲ್ಲಿ ಬರ್ಗಂಡಿಯಲ್ಲಿ 1887ರವರೆಗೆ ಕಸಿಗೆ ಅನುಮತಿಯೇ ಸಿಗಲಿಲ್ಲ. ಈ ಗದ್ದಲದ ನಡುವೆಯೇ, 1884ರಲ್ಲಿ, ಬೋನ್ ಪಟ್ಟಣದ ದ್ರಾಕ್ಷಿ ಶಾಲೆ ಹುಟ್ಟಿತು. ಆಸ್ಟ್ರಿಯಾದ ಕ್ಲೋಸ್ಟರ್‌ನಾಯ್‌ಬುರ್ಗ್ (1860), ಜರ್ಮನಿಯ ಗೈಸನ್‌ಹೈಮ್ (1872), ಇಟಲಿಯ ಕೊನೆಲ್ಯಾನೊ (1876) ಶಾಲೆಗಳು ಅದಕ್ಕೂ ಹಿರಿಯವು. ತಂದೆಗೆ ಕಸಿ ಕಟ್ಟಲು ಬಾರದು, ಮಗ ಕಲಿಯಲೇಬೇಕು. ಮನೆಯಲ್ಲಿ ಕಲಿಸುವವರಿಲ್ಲದ ವಿದ್ಯೆಯನ್ನು ಶಾಲೆಯೇ ಕಲಿಸಬೇಕಾಯಿತು. ಇಂದು ಬರ್ಗಂಡಿಯ ಪ್ರಸಿದ್ಧ ತೋಟಗಳೆಲ್ಲ ಹೆಚ್ಚುಕಡಿಮೆ ಅಮೆರಿಕ ಮೂಲದ ಬೇರಿನ ಮೇಲೆಯೇ ನಿಂತಿವೆ. ನಮ್ಮ ವಿಜಯಪುರದ ಬೆಳೆಗಾರರು ಬರ, ಸವುಳು ತಾಳಲೆಂದು ‘ಡಾಗ್‌ರಿಡ್ಜ್’ ಬೇರಿನ ಮೇಲೆ ಕಸಿ ಕಟ್ಟುತ್ತಾರಲ್ಲ, ಅದೂ ಅಮೆರಿಕ ಮೂಲದ್ದೇ.

ಬೋನ್ ಶಾಲೆ ಇಂದಿಗೂ ಇದೆ. ಅದಕ್ಕೆ ಸ್ವಂತ ತೋಟವಿದೆ, ಅಲ್ಲಿ ತಯಾರಾದ ವೈನನ್ನು ಮಾರುತ್ತದೆ. ಆದರೆ 1884ರ ಪಾಠಕ್ಕೂ ಈಗಿನದಕ್ಕೂ ಒಂದು ವ್ಯತ್ಯಾಸವಿದೆ. ಹೇನಿಗೆ ಕಸಿ ಎಂಬ ಒಂದೇ ಮದ್ದು ಸಾಕಾಯಿತು. ಬಿಸಿಲಿಗೆ ಅಂಥ ಒಂದು ಮದ್ದಿಲ್ಲ.

ಎಲೆ ಕೀಳುವುದನ್ನೇ ತೆಗೆದುಕೊಳ್ಳಿ. ಗೊನೆಗೆ ಬಿಸಿಲು ತಾಗಲಿ, ಗಾಳಿಯಾಡಲಿ ಎಂದು ಸುತ್ತಲಿನ ಎಲೆ ತೆಗೆಯುವುದು ಹಳೆಯ ಪಾಠ. ಈಗ ಹಾಗೆ ಮಾಡಿದರೆ ಜುಲೈನ ಒಂದು ಮಧ್ಯಾಹ್ನ ಹಣ್ಣು ಸುಟ್ಟುಹೋಗುತ್ತದೆ. ಬೆಳಗಿನ ಬಿಸಿಲು ಬೀಳುವ ಕಡೆ ಮಾತ್ರ ಕಿತ್ತು, ಸಂಜೆಯ ಕಡೆ ನೆರಳು ಉಳಿಸಲು ಕಲಿಯಬೇಕು. ಸಾಲುಗಳ ನಡುವೆ ಹುಲ್ಲು ಬೆಳೆಸಿದರೆ ನೆಲ ತಂಪು, ಮಣ್ಣೂ ಕೊಚ್ಚಿಹೋಗದು. ಮಳೆ ಕೈಕೊಟ್ಟ ವರ್ಷ ಅದೇ ಹುಲ್ಲು ಬಳ್ಳಿಯ ನೀರನ್ನು ಕುಡಿಯುತ್ತದೆ. 1970ರ ದಶಕದಿಂದ ಒಳ್ಳೆಯ ಕೆಲವೇ ಬಳ್ಳಿಗಳನ್ನು ಆರಿಸಿ ಅವುಗಳ ತುಂಡುಗಳನ್ನೇ ಎಲ್ಲೆಡೆ ನೆಟ್ಟರು. ಈಗ ಹಳೆಯ ತೋಟಗಳಿಗೆ ಹೋಗಿ, ಅದೇ ಪಿನೋ ನ್ವಾರ್‌ನಲ್ಲಿ ತಡವಾಗಿ ಮಾಗುವ ಬಳ್ಳಿಗಳನ್ನು ಗುರುತಿಸಿ ಅವುಗಳಿಂದ ಸಸಿ ಮಾಡುತ್ತಿದ್ದಾರೆ. ಬಡವರ ದ್ರಾಕ್ಷಿಯೆಂದು ಮೂಗು ಮುರಿಯುತ್ತಿದ್ದ ಆಲಿಗೋಟೆ ಎಂಬ ಬಿಳಿ ಜಾತಿಗೂ ಮರ್ಯಾದೆ ಬಂದಿದೆ, ಬಿಸಿಲಿನಲ್ಲೂ ಅದು ಹುಳಿ ಬಿಟ್ಟುಕೊಡುವುದಿಲ್ಲ. ಕಪ್ಪು ಕರಂಟ್ ಹಣ್ಣಿನ ಸಿಹಿ ಮದ್ಯವನ್ನು ಇದೇ ಆಲಿಗೋಟೆಗೆ ಬೆರೆಸಿ ಅತಿಥಿಗಳಿಗೆ ಕೊಡುತ್ತಿದ್ದವರು ದಿಜೋನ್ ನಗರದ ಮೇಯರ್ ಆಗಿದ್ದ ಗುರು ಫೆಲಿಕ್ಸ್ ಕಿರ್. ಪಾನೀಯಕ್ಕೆ ಇಂದಿಗೂ ಆ ಗುರುಗಳದೇ ಹೆಸರು.

ಚಳಿಯ ಕತೆ ಬೇರೆ. ಮಾರ್ಚ್ ಬೆಚ್ಚಗಾದದ್ದರಿಂದ ಬಳ್ಳಿ ಬೇಗ ಕಣ್ಣು ಬಿಡುತ್ತದೆ. ಏಪ್ರಿಲ್‌ನ ಚಳಿ ಮಾತ್ರ ಮೊದಲಿನಂತೆ ಬರುತ್ತಲೇ ಇದೆ. 2016ರಲ್ಲಿ, ಮತ್ತೆ 2021ರ ಏಪ್ರಿಲ್ ಆರಂಭದಲ್ಲಿ ಎಳೆ ಚಿಗುರು ರಾತ್ರೋರಾತ್ರಿ ಕರಕಾಯಿತು. ಸಾಲುಸಾಲಾಗಿ ದೊಡ್ಡ ಮೇಣದ ಡಬ್ಬಿಗಳನ್ನು ಹಚ್ಚಿ ಬೆಳಗಿನವರೆಗೆ ಕಾದರೂ ಎಷ್ಟೋ ಕಡೆ ಉಳಿಯಲಿಲ್ಲ. ಭೂಮಿ ಬಿಸಿಯಾದರೆ ಚಳಿಯಿಂದ ನಷ್ಟ ಹೇಗೆ ಎಂದು ಕೇಳುವವರಿಗೆ ಇದೇ ಉತ್ತರ. ತಡವಾಗಿ ಸವರಿದರೆ ಚಿಗುರು ಕೆಲವು ದಿನ ತಡವಾಗುತ್ತದೆ. ಆದ್ದರಿಂದ ಸಂತ ವಿನ್ಸೆಂಟರ ಹಬ್ಬದ ಹೊತ್ತಿನ ಕೆಲಸವನ್ನು ಮಾರ್ಚ್‌ಗೆ ದೂಡಿ ಎಂಬ ಸಲಹೆ ಬರುತ್ತದೆ. ಹೇಳುವುದು ಸುಲಭ. ಇಡೀ ತೋಟವನ್ನು ಮೂರು ವಾರದಲ್ಲಿ ಸವರಲು ಪಳಗಿದ ಕೈಗಳು ಎಲ್ಲಿವೆ? ಚಳಿ ಹೆಚ್ಚು ತಂಗುವ ತಗ್ಗಿನ ತುಂಡು ಯಾವುದೆಂದು ತಿಳಿದು, ಅದನ್ನಷ್ಟೇ ಕೊನೆಗೆ ಉಳಿಸಿಕೊಳ್ಳಬೇಕು. ಅದು ತಿಳಿಯಬೇಕಾದರೆ ವರ್ಷವರ್ಷವೂ ತುಂಡುತುಂಡಿನ ಚಿಗುರು, ಹೂವು, ಕೊಯ್ಲಿನ ತಾರೀಕನ್ನು ಬರೆದಿಟ್ಟಿರಬೇಕು. ಮರಿಯಮ್ಮನವರ ದೇವಾಲಯದ ಲೆಕ್ಕಿಗರು ಕಾಸಿಗಾಗಿ ಮಾಡಿದ ಕೆಲಸವನ್ನು ವಿದ್ಯಾರ್ಥಿ ಬಳ್ಳಿಗಾಗಿ ಮಾಡಬೇಕು. ಉಳಿದ ಪಾಠಗಳಿಗಿಂತ ಇದಕ್ಕೇ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಏಕೆಂದರೆ ಈ ವರ್ಷ ನೆಟ್ಟ ಸಸಿ ವೈನಿಗೆ ಹಣ್ಣು ಕೊಡಲು ಮೂರು ನಾಲ್ಕು ವರ್ಷ ಬೇಕು, ಆಮೇಲೆ ನಲವತ್ತು ಐವತ್ತು ವರ್ಷ ನಿಲ್ಲುತ್ತದೆ. ಇಂದು ನೆಡುವ ಹುಡುಗಿ ಅದೇ ಬಳ್ಳಿಯಿಂದ 2060ರಲ್ಲೂ ಕೊಯ್ಯಬೇಕು. ಆಗಿನ ಬಿಸಿಲು ಎಷ್ಟೆಂದು ಅವಳ ಉಪಾಧ್ಯಾಯರಾರೂ ಕಂಡವರಲ್ಲ.

ಜಾತಿಯನ್ನೇ ಬದಲಿಸಬಹುದಲ್ಲವೇ? ಬೋರ್ಡೊ ಪ್ರಾಂತ್ಯದವರು ಆ ಬಾಗಿಲು ತೆರೆದಿದ್ದಾರೆ. 2009ರಲ್ಲಿ ಅಲ್ಲಿನ ಸಂಶೋಧಕರು 52 ಜಾತಿಗಳನ್ನು ಒಂದೇ ತೋಟದಲ್ಲಿ ನೆಟ್ಟು ನೋಡತೊಡಗಿದರು. 2021ರಲ್ಲಿ ಪೋರ್ಚುಗಲ್ ಮೂಲದ ತೂರಿಗಾ ನಾಸಿಯೊನಾಲ್ ಸೇರಿ 6 ಹೊಸ ಜಾತಿಗಳಿಗೆ ಅನುಮತಿ ಸಿಕ್ಕಿತು. ಆದರೆ ತೋಟದಲ್ಲಿ ಶೇಕಡಾ 5ಕ್ಕಿಂತ, ಬೆರಕೆಯಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಇರಕೂಡದು. ಬೋರ್ಡೊ ಮೊದಲಿನಿಂದಲೂ ಹಲವು ಜಾತಿಗಳನ್ನು ಬೆರೆಸುವ ನಾಡು; ಒಂದೇ ಜಾತಿಯ ಬರ್ಗಂಡಿಗೆ ಅದು ಅಷ್ಟು ಸಲೀಸಲ್ಲ. 1880ರ ದಶಕದ ಎರಡು ಪಕ್ಷಗಳು ಬೇರೆ ಹೆಸರಿನಲ್ಲಿ ಮತ್ತೆ ಎದ್ದಿವೆ. ಆಗ ಹೆದರಿದವರ ಭಯ ಹುಸಿಯಾಯಿತೆಂಬುದು ನಿಜ. ಆದರೆ ಅಂದು ಬದಲಾದದ್ದು ಬೇರು ಮಾತ್ರ, ಹಣ್ಣಲ್ಲ. ಆದ್ದರಿಂದ ಆ ಜಯವನ್ನು ತೋರಿಸಿ ಇಂದಿನವರ ಬಾಯಿ ಮುಚ್ಚಿಸುವುದು ನ್ಯಾಯವಾಗದು. ವಿದ್ಯಾರ್ಥಿಗಳು ಎರಡು ಕಡೆಯ ವಾದವನ್ನೂ ಕೇಳಲಿ.

ಬರವನ್ನೇ ನಿರೀಕ್ಷಿಸಿ ಕಲಿಸಿದ್ದ ಈ ಪಾಠಗಳ ಮೇಲೆ 2024 ನೀರು ಸುರಿಯಿತು. ಆ ವರ್ಷ ಬರ್ಗಂಡಿಯಲ್ಲಿ ವಸಂತದಿಂದ ಬೇಸಗೆಯವರೆಗೆ ಬಿಡದೆ ಮಳೆ. ನಮ್ಮ ಬೆಳೆಗಾರರೂ ‘ಡೌನಿ’ ಎಂದು ಬಲ್ಲ ಬೂಜುರೋಗ ಗೊನೆಗಳನ್ನು ತಿಂದುಹಾಕಿತು. ನೆನೆದ ನೆಲದಲ್ಲಿ ಟ್ರ್ಯಾಕ್ಟರ್ ಇಳಿಸಲಾಗದೆ, ಔಷಧಿಯನ್ನು ಬೆನ್ನಿಗೆ ಕಟ್ಟಿಕೊಂಡು ಸಾಲುಸಾಲು ನಡೆಯಬೇಕಾಯಿತು. ಕೊಯ್ಲು ಸೆಪ್ಟೆಂಬರ್ ಮಧ್ಯಕ್ಕೆ ಹೋಯಿತು, ಅನೇಕರ ಪೀಪಾಯಿಗಳು ಅರ್ಧವೂ ತುಂಬಲಿಲ್ಲ.