ಉಸ್ತರಾ, ಬ್ಲೇಡು ಮತ್ತು ಕರೆಂಟಿನ ಶೇವರ್

ಮೋಸ ಹೋದವನನ್ನು ಕುರಿತು ಉರ್ದುವಿನಲ್ಲಿ 'ಉಲ್ಟೇ ಉಸ್ತರೇ ಸೇ ಮೂಂಡಾ' ಎನ್ನುತ್ತಾರೆ. ಕ್ಷೌರದ ಕತ್ತಿಯನ್ನು ತಿರುವುಮುರುವಾಗಿ ಹಿಡಿದು ಬೋಳಿಸಿಬಿಟ್ಟರು ಎಂದರ್ಥ. ಕನ್ನಡದವರಿಗೆ ಇಷ್ಟೂ ಬೇಕಿಲ್ಲ, 'ನುಣ್ಣಗೆ ತಲೆ ಬೋಳಿಸಿದರು' ಎಂದರೆ ಸಾಕು. ಎರಡೂ ಭಾಷೆಗಳ ಶಾಲೆಯಲ್ಲಿ ಕೂತು ಎದ್ದು ಬಂದ ನಮಗೆ ಈ ಮಾತುಗಳ ಹಿಂದೆ ಒಂದೇ ಅಂಜಿಕೆ ಕಾಣುತ್ತದೆ. ಹರಿತವಾದ ಕತ್ತಿ ಇನ್ನೊಬ್ಬನ ಕೈಯಲ್ಲಿದೆ, ನಮ್ಮ ಕುತ್ತಿಗೆ ಅದರ ಕೆಳಗಿದೆ, ಅಲ್ಲಾಡುವಂತಿಲ್ಲ.

ಇಂದು ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ಕರೆಂಟಿನ ಶೇವರ್ ಕೊಳ್ಳಲೋ, ಹಳೆಯ ರೇಜರಿನಲ್ಲೇ ಮುಂದುವರಿಯಲೋ ಎಂದು ಲೆಕ್ಕ ಹಾಕುವವರು ಬೆಲೆ ಕೇಳುತ್ತಾರೆ, ಬ್ಯಾಟರಿ ಎಷ್ಟು ದಿನ ಬರುತ್ತದೆಂದು ಕೇಳುತ್ತಾರೆ. ಕೇಳಬೇಕಾದ್ದೇ. ಆದರೆ ಈ ಎರಡು ವಸ್ತುಗಳೂ ಹುಟ್ಟಿದ್ದು ಬೇರೆಯದೇ ಒಂದು ಪ್ರಶ್ನೆಗೆ ಉತ್ತರವಾಗಿ. ನಮ್ಮ ಮುಖದ ಮೇಲೆ ಆಡುವ ಕೈ ಯಾರದಾಗಿರಬೇಕು ಎಂಬುದೇ ಆ ಪ್ರಶ್ನೆ.

ಕನ್ನಡದಲ್ಲಿ ಬೈಗುಳವಾಗಿ ಕೆಟ್ಟುಹೋಗಿರುವ 'ಹಜಾಮ' ಎಂಬ ಪದದಿಂದಲೇ ಹೊರಡೋಣ. ಇದು ಅರಬಿಯ 'ಹಜ್ಜಾಮ್'. ಮೂಲದಲ್ಲಿ ಇದಕ್ಕೆ ಕೂದಲಿಗೂ ಸಂಬಂಧವಿಲ್ಲ. ಹಿಜಾಮಾ ಮಾಡುವವನು, ಅಂದರೆ ಮೈಮೇಲೆ ಕೊಂಬನ್ನೋ ಬಟ್ಟಲನ್ನೋ ಇಟ್ಟು ಕೆಟ್ಟ ರಕ್ತ ತೆಗೆಯುವ ವೈದ್ಯ. ಹರಿತವಾದ ಅಲಗು ಮತ್ತು ನಡುಗದ ಕೈ ಇದ್ದವನೇ ಗಡ್ಡವನ್ನೂ ತೆಗೆಯುತ್ತಿದ್ದ, ಹಲ್ಲನ್ನೂ ಕೀಳುತ್ತಿದ್ದ, ಖತ್ನಾವನ್ನೂ ಮಾಡುತ್ತಿದ್ದ. ಯುರೋಪಿನಲ್ಲೂ ಹೀಗೆಯೇ ಇತ್ತು. ಲಂಡನ್ನಿನಲ್ಲಿ 1540ರಲ್ಲಿ ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಒಂದೇ ಸಂಘಕ್ಕೆ ಸೇರಿಸಿದರು, ಅವರು ಬೇರೆಯಾದದ್ದು 1745ರಲ್ಲಿ. ಬೇರೆಯಾದ ಮೇಲೆ ಒಬ್ಬ ಡಾಕ್ಟರನಾದ, ಇನ್ನೊಬ್ಬ ಹಜಾಮನಾಗಿಯೇ ಉಳಿದ.

ಹಾಗೆ ಉಳಿದವನೇನು ಸಾಮಾನ್ಯನಲ್ಲ. ಹದಿನೆಂಟನೇ ಶತಮಾನದ ಡಮಾಸ್ಕಸ್ ನಗರದಲ್ಲಿ ಅಹ್ಮದ್ ಇಬ್ನ್ ಬುದೈರ್ ಎಂಬ ಕ್ಷೌರಿಕನಿದ್ದ. ಪಾಷಾಗಳ ಆಸ್ಥಾನದಲ್ಲಿ ಆಲಿಮರು ಇತಿಹಾಸ ಬರೆಯುತ್ತಿದ್ದ ಕಾಲದಲ್ಲಿ ಈತ 1741ರಿಂದ 1762ರವರೆಗೆ ತನ್ನ ಊರಿನ ದಿನಚರಿ ಬರೆದಿಟ್ಟ. ರೊಟ್ಟಿಯ ಬೆಲೆ ಏರಿದ್ದು, ಸೈನಿಕರ ಪುಂಡಾಟ, ಯಾರ ಮನೆಯಲ್ಲಿ ಸಾವು, ಯಾರ ಮನೆಯಲ್ಲಿ ಮದುವೆ, ಎಲ್ಲವೂ ಅದರಲ್ಲಿದೆ. ಮುಂದಿನ ಶತಮಾನದಲ್ಲಿ ಅದೇ ಊರಿನ ವಿದ್ವಾಂಸ ಮುಹಮ್ಮದ್ ಸಯೀದ್ ಅಲ್ ಖಾಸಿಮಿ ಈ ಪುಸ್ತಕವನ್ನು 'ತಿದ್ದಿ' ಅದರ ಆಡುಮಾತನ್ನು ಶುದ್ಧಗೊಳಿಸಿದ. ಬಹುಕಾಲ ಜಗತ್ತು ಓದಿದ್ದು ಆ ಕ್ಷೌರ ಮಾಡಿದ ಪ್ರತಿಯನ್ನೇ. ಕ್ಷೌರಿಕನ ಸ್ವಂತ ಬರಹದ ಹಸ್ತಪ್ರತಿ ಡಬ್ಲಿನ್ನಿನ ಗ್ರಂಥಾಲಯವೊಂದರಲ್ಲಿ ಸಿಕ್ಕಿದೆ. ಕುರ್ಚಿಯಲ್ಲಿ ಕೂತವರು ಮಾತಾಡುತ್ತಾರೆ, ಕತ್ತಿ ಹಿಡಿದವನು ಕೇಳುತ್ತಾನೆ. ತಾನೇ ಕನ್ನಡಿ ನೋಡಿ ಗಡ್ಡ ಹೆರೆದುಕೊಳ್ಳುವವನಿಗೆ ಈ ಭಾಗ್ಯವಿಲ್ಲ.

ಇಷ್ಟು ಹೇಳಿ ಹಳೆಯ ಕಾಲವನ್ನು ಹೊಗಳಿಬಿಡುವುದು ಸುಲಭ. ಆದರೆ ನಮ್ಮ ದೇಶದಲ್ಲಿ ಆ ಕತ್ತಿಗೆ ಇನ್ನೊಂದು ಮುಖವಿತ್ತು. ಸಾತಾರದಲ್ಲಿ ಬಾಲಕ ಅಂಬೇಡ್ಕರರ ಕೂದಲನ್ನು ಮನೆಯಲ್ಲಿ ಅಕ್ಕನೇ ಕತ್ತರಿಸುತ್ತಿದ್ದರು. ಊರಲ್ಲಿ ಕ್ಷೌರಿಕರಿದ್ದರು, ಕೊಡಲು ಹಣವೂ ಇತ್ತು, ಅಸ್ಪೃಶ್ಯರ ತಲೆ ಮುಟ್ಟುವವರು ಇರಲಿಲ್ಲ. ಇದನ್ನು ಅವರೇ ಬರೆದಿದ್ದಾರೆ. ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕ ಗಾಂಧಿಯವರ ಕೂದಲು ಕತ್ತರಿಸಲು ಒಪ್ಪಲಿಲ್ಲ. ಅವರು ಕತ್ತರಿ ಕೊಂಡು ಕನ್ನಡಿಯ ಮುಂದೆ ತಾವೇ ಕತ್ತರಿಸಿಕೊಂಡರು, ಮುಂದಲೆ ಹೇಗೋ ಆಯಿತು, ಹಿಂದಲೆ ಕೆಟ್ಟಿತು, ಕೋರ್ಟಿನಲ್ಲಿ ಗೆಳೆಯರು ನಕ್ಕರು. ಆ ಬಿಳಿಯನನ್ನು ದೂರಲು ತಮಗೆ ಬಾಯಿಲ್ಲ, ನಮ್ಮ ಕ್ಷೌರಿಕರೂ ಅಸ್ಪೃಶ್ಯರಿಗೆ ಮಾಡುವುದು ಇದನ್ನೇ ಅಲ್ಲವೇ ಎಂಬ ಅರ್ಥದ ಮಾತನ್ನು ಗಾಂಧಿ ಆತ್ಮಕತೆಯಲ್ಲಿ ಸೇರಿಸಿದ್ದಾರೆ.

ನಿರಾಕರಣೆಗೆ ಇನ್ನೊಂದು ಬಗೆಯೂ ಉಂಟು. ಮೇಲ್ಜಾತಿಯ ವಿಧವೆಯರ ತಲೆ ಬೋಳಿಸುವುದು ಕ್ಷೌರಿಕನ ಕಟ್ಟುಪಾಡಿನ ಕೆಲಸವಾಗಿತ್ತು. ಹತ್ತು ಹನ್ನೆರಡು ವರ್ಷದ ಹುಡುಗಿಯ ತಲೆಗೂ ಅದೇ ಕತ್ತಿ. 1890ರಲ್ಲಿ ಮುಂಬಯಿಯಲ್ಲಿ ಜ್ಯೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ ಕ್ಷೌರಿಕರನ್ನು ಸಭೆ ಸೇರಿಸಿ, ಇನ್ನು ಮುಂದೆ ವಿಧವೆಯರ ತಲೆಗೆ ಕತ್ತಿ ಇಡುವುದಿಲ್ಲ ಎಂದು ತೀರ್ಮಾನ ಮಾಡಿಸಿದರು. ಶಾಸ್ತ್ರ ಬಲ್ಲವರು ದಶಕಗಳ ಕಾಲ ಚರ್ಚಿಸುತ್ತಿದ್ದ ವಿಷಯದಲ್ಲಿ ಕತ್ತಿ ಹಿಡಿದವರು ಹೀಗೊಂದು ನಿಲುವು ತೆಗೆದುಕೊಂಡರು.

ನಮ್ಮ ಕಡೆಯ ಮಾತನ್ನೂ ಆಡಿಬಿಡಬೇಕು. ಇಸ್ಲಾಮಿನಲ್ಲಿ ಜಾತಿಯಿಲ್ಲ ಎಂದು ವೇದಿಕೆಯಲ್ಲಿ ಹೇಳುವ ನಾವು ಮದುವೆಯ ಮಾತು ಬಂದಾಗ ಹಜ್ಜಾಮರ ಮನೆ ಎಂದು ತಗ್ಗಿದ ದನಿಯಲ್ಲಿ ಹೇಳುವುದನ್ನು ಬಿಟ್ಟಿಲ್ಲ. ಮಲಬಾರಿನ ಮಾಪಿಳ್ಳೆಗಳಲ್ಲಿ ಒಸ್ಸಾನ್ ಎಂಬ ಪಂಗಡವಿದೆ. ಗಂಡಸರು ಕ್ಷೌರ ಮತ್ತು ಖತ್ನಾ ಮಾಡುತ್ತಿದ್ದರು, ಹೆಂಗಸರು ಸೂಲಗಿತ್ತಿಯರಾಗಿದ್ದರು. ಹುಟ್ಟಿದ ಮಗುವನ್ನು ಮೊದಲು ಎತ್ತಿಕೊಂಡ ಕೈ ಅವರದು. ಮಸೀದಿಯ ಸಫ್ಫಿನಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತವರೇ ಹೆಣ್ಣು ಕೊಡುವಾಗ ಮುಖ ತಿರುಗಿಸಿದರು.

ತನ್ನ ಗಡ್ಡ ತಾನೇ ತೆಗೆಯುವ ಆಸೆ ಹಳೆಯದು. ಪ್ಯಾರಿಸಿನ ಚಾಕು ತಯಾರಕ ಜಾನ್ ಜಾಕ್ ಪೆರೆ 1769ರ ಸುಮಾರಿಗೆ ಅದನ್ನು ಕಲಿಸಲೆಂದೇ ಒಂದು ಪುಸ್ತಕ ಬರೆದ, ಚರ್ಮ ಕೊಯ್ಯದಂತೆ ಅಲಗಿಗೆ ಮರದ ತಡೆಯನ್ನೂ ಕೂಡಿಸಿದ. ಆದರೂ ಕಷ್ಟ ಕೊಯ್ಯುವುದರಲ್ಲಿ ಮಾತ್ರ ಇರಲಿಲ್ಲ. ಉದ್ದನೆಯ ಮಡಿಚುವ ಕತ್ತಿಯನ್ನು ಸಾಣೆಕಲ್ಲಿಗೆ ಹಿಡಿಯಬೇಕು, ಪ್ರತಿಸಲವೂ ಚರ್ಮದ ಪಟ್ಟಿಗೆ ತೀಡಬೇಕು, ಕೋನ ತಪ್ಪಬಾರದು. ಆ ವಿದ್ಯೆಯನ್ನು ಅನಗತ್ಯ ಮಾಡಿದವನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್.

ಈ ಜಿಲೆಟ್ ವಿಚಿತ್ರ ಮನುಷ್ಯ. ಬಾಟಲಿಯ ಮುಚ್ಚಳ ಮಾರುವ ಏಜೆಂಟನಾಗಿದ್ದ. 1894ರಲ್ಲಿ ಪೈಪೋಟಿಯೇ ಎಲ್ಲ ಕೇಡಿನ ಮೂಲ, ಖಾಸಗಿ ವ್ಯಾಪಾರ ಅಳಿಯಬೇಕು, ನಯಾಗರ ಜಲಪಾತದ ಬಳಿ ಎಲ್ಲರೂ ಸಮಾನರಾಗಿ ಬಾಳುವ ಒಂದೇ ಮಹಾನಗರ ಏಳಬೇಕು ಎಂದು ಪುಸ್ತಕ ಬರೆದ. ಮರುವರ್ಷ ಕನ್ನಡಿಯ ಮುಂದೆ ಮೊಂಡಾದ ಕತ್ತಿ ಹಿಡಿದು ನಿಂತಾಗ ಇನ್ನೊಂದು ಯೋಚನೆ ಹೊಳೆಯಿತು. ತೆಳ್ಳನೆಯ ಉಕ್ಕಿನ ತಗಡಿಗೆ ಎರಡೂ ಕಡೆ ಅಂಚು ತೆಗೆದರೆ ಸಾಣೆ ಬೇಕಿಲ್ಲ, ಸವೆದಾಗ ಎಸೆದರಾಯಿತು. ಅಷ್ಟು ತೆಳು ಉಕ್ಕನ್ನು ಹದಗೊಳಿಸಿ ಹರಿತ ಮಾಡಲಾಗದು ಎಂದು ಬಲ್ಲವರು ಹೇಳಿದರು. ವಿಲಿಯಂ ನಿಕರ್ಸನ್ ಎಂಬ ಇಂಜಿನಿಯರ್ ಅದಕ್ಕೆ ಯಂತ್ರ ಮಾಡಿಕೊಟ್ಟ. 1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡು. ಮರುವರ್ಷ ರೇಜರುಗಳೇ 90 ಸಾವಿರ ದಾಟಿದವು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡ ಮುಖಕ್ಕೆ ಅಂಟಿ ಕೂರಬೇಕಾದರೆ ಗಡ್ಡ ಇರಬಾರದಿತ್ತು. ಅಮೆರಿಕದ ಸರಕಾರ 35 ಲಕ್ಷ ರೇಜರುಗಳನ್ನು ಕೊಂಡು ಸೈನಿಕರಿಗೆ ಹಂಚಿತು. ಯುದ್ಧ ಮುಗಿಸಿ ಬಂದವರು ಆ ಅಭ್ಯಾಸವನ್ನೂ ಮನೆಗೆ ತಂದರು. ಪೈಪೋಟಿಯನ್ನು ಶಪಿಸಿದವನ ಮುಖವೇ ಬ್ಲೇಡಿನ ಕಾಗದದ ಮೇಲೆ ಅಚ್ಚಾಗಿ ಜಗತ್ತನ್ನೆಲ್ಲ ಸುತ್ತಿತು.

ಶೇವರ್ ಹುಟ್ಟಿದ್ದು ನೀರಿಲ್ಲದ ಕಡೆ ಎನ್ನಬೇಕು, ಅಥವಾ ನೀರೆಲ್ಲ ಮಂಜುಗಡ್ಡೆಯಾದ ಕಡೆ. ಜೇಕಬ್ ಶಿಕ್ ಎಂಬ ಅಮೆರಿಕದ ಸೇನಾಧಿಕಾರಿ ಅಲಾಸ್ಕದಲ್ಲಿ ಕೆಲಸ ಮಾಡಿದವನು. ಮುಂದೆ ಆ ಕಡೆಯ ಕಾಡಿನಲ್ಲೇ ಚಿನ್ನ ಹುಡುಕಲು ಹೋಗಿ ಕಾಲಿನ ಗಿಣ್ಣು ಉಳುಕಿಸಿಕೊಂಡು ಬಿಡಾರದಲ್ಲಿ ಒಬ್ಬನೇ ಬಿದ್ದಿದ್ದ. ಗಡ್ಡ ತೆಗೆಯಲು ನೀರು ಕಾಯಿಸುವುದೇ ದೊಡ್ಡ ಕೆಲಸವಾಗಿತ್ತು. ನೀರು, ಸೋಪು ಬೇಡದ ಒಣ ಕ್ಷೌರದ ಯಂತ್ರದ ನಕ್ಷೆಯನ್ನು ಅಲ್ಲಿಂದಲೇ ಕಂಪನಿಗಳಿಗೆ ಕಳಿಸಿದ, ಯಾರೂ ಒಪ್ಪಲಿಲ್ಲ. ಆಮೇಲೆ ಬೇರೊಂದು ರೇಜರಿನ ಕಂಪನಿ ಕಟ್ಟಿ, ಅದನ್ನು ಮಾರಿ ಬಂದ ಹಣವನ್ನು ಈ ಕನಸಿಗೆ ಸುರಿದ. 1931ರಲ್ಲಿ, ಜನ ಕೆಲಸ ಕಳೆದುಕೊಂಡು ಬೀದಿಯಲ್ಲಿದ್ದಾಗ, 25 ಡಾಲರಿನ ಶೇವರ್ ಅಂಗಡಿಗೆ ಬಂತು. ಮೊದಲ ವರ್ಷ ಸುಮಾರು ಮೂರು ಸಾವಿರ ಹೋದವು. ಆರು ವರ್ಷಗಳ ನಂತರ ಅವನು ತೀರಿಕೊಳ್ಳುವ ಹೊತ್ತಿಗೆ ಲೆಕ್ಕ ಹತ್ತು ಲಕ್ಷ ದಾಟಿತ್ತು. 1939ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿ ಅಲೆಕ್ಸಾಂಡರ್ ಹೊರೊವಿಟ್ಜ್ ರೂಪಿಸಿದ ತಿರುಗುವ ಅಲಗಿನ ಶೇವರ್ ತಂದಿತು. 1950ರಲ್ಲಿ ಜರ್ಮನಿಯ ಬ್ರೌನ್ ಕಂಪನಿ ತೆಳ್ಳನೆಯ ತೂತಿನ ಹಾಳೆಯದನ್ನು ತಂದಿತು. ಇವತ್ತಿನ ಶೇವರುಗಳೆಲ್ಲ ಹೆಚ್ಚುಕಡಿಮೆ ಈ ಎರಡರ ಸಂತಾನ.

ವ್ಯತ್ಯಾಸ ಇರುವುದೇ ಆ ಹಾಳೆಯಲ್ಲಿ. ಬ್ಲೇಡು ನೇರ ಚರ್ಮದ ಮೇಲೆ ಓಡುತ್ತದೆ. ಶೇವರಿನಲ್ಲಿ ಕೂದಲು ಹಾಳೆಯ ತೂತಿನೊಳಗೆ ತೂರಿದಾಗ ಒಳಗಿನ ಅಲಗು ಕತ್ತರಿಯಂತೆ ತುಂಡರಿಸುತ್ತದೆ, ಚರ್ಮಕ್ಕೂ ಅಲಗಿಗೂ ನಡುವೆ ಲೋಹದ ಒಂದು ಪದರ ಸದಾ ಇರುತ್ತದೆ. ಆದ್ದರಿಂದ ನುಣುಪಿನಲ್ಲಿ ಬ್ಲೇಡೇ ಮೇಲು. ಗಾಯವಾಗದಿರುವುದೇ ಮುಖ್ಯವಾದ ಸಕ್ಕರೆ ಕಾಯಿಲೆಯವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ, ಕೈ ನಡುಗುವ ಹಿರಿಯರಿಗೆ ಶೇವರೇ ಕ್ಷೇಮ. ಆಪರೇಷನ್ನಿಗೆ ಮುಂಚೆ ಕೂದಲು ತೆಗೆಯಲೇಬೇಕಾದರೆ ಕತ್ತಿ ಬೇಡ, ಕ್ಲಿಪ್ಪರ್ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಕತ್ತಿ ಮಾಡುವ ಕಣ್ಣಿಗೆ ಕಾಣದ ಗೀರುಗಳಲ್ಲಿ ಸೋಂಕು ಕೂರುತ್ತದೆ.

ಇದೇ ಪದರದ ಮೇಲೆ ಧರ್ಮಶಾಸ್ತ್ರವೂ ನಿಂತಿದೆ ಎಂದರೆ ಕೆಲವರಿಗೆ ಅಚ್ಚರಿಯಾದೀತು. ಯಹೂದಿಗಳಿಗೆ ಮುಖಕ್ಕೆ ಕತ್ತಿ ತಾಕಿಸುವುದು ನಿಷಿದ್ಧ, ಕತ್ತರಿ ಆಗಬಹುದು. ಶೇವರ್ ಬಂದಾಗ ಇದು ಕತ್ತಿಯೋ ಕತ್ತರಿಯೋ ಎಂದು ರಬ್ಬಿಗಳು ಚರ್ಚಿಸಿದರು, ಹಲವರು ಕತ್ತರಿಯೆಂದು ಒಪ್ಪಿದರು. ನಮ್ಮಲ್ಲಿ ಇದೇ ಪ್ರಶ್ನೆ ಏಳುವುದು ಹಜ್ಜಿನಲ್ಲಿ. ಇಹ್ರಾಮಿನಿಂದ ಹೊರಬರುವಾಗ ಗಂಡಸರು ತಲೆ ಬೋಳಿಸಬಹುದು, ಇಲ್ಲವೇ ಕೂದಲು ಮೊಟಕು ಮಾಡಿಸಬಹುದು. ಬೋಳಿಸುವುದಕ್ಕೆ ಪುಣ್ಯ ಹೆಚ್ಚು. ಮಶೀನಿನಲ್ಲಿ ಎಷ್ಟೇ ಸಣ್ಣಗೆ ಹೊಡೆಸಿದರೂ ಬುಡ ಉಳಿಯುವುದರಿಂದ ಅದು ಹಲ್ಖ್ ಅಲ್ಲ, ತಖ್ಸೀರ್ ಮಾತ್ರ ಎಂಬುದು ಬಹಳ ಆಲಿಮರ ಅಭಿಪ್ರಾಯ. ಹಾಗಾಗಿ ಮಿನಾದಲ್ಲಿ ಅಲಗಿಗೆ ಇಂದಿಗೂ ಬೇಡಿಕೆ. ಆದರೆ ಒಂದೇ ಅಲಗು ಹಲವು ತಲೆಗಳ ಮೇಲೆ ಓಡಿದರೆ ಹೆಪಟೈಟಿಸ್ ಹರಡುತ್ತದೆ. ಪರವಾನಗಿ ಇರುವ ಕ್ಷೌರಿಕರಲ್ಲಿಗೇ ಹೋಗಿ, ಒಮ್ಮೆ ಬಳಸಿ ಎಸೆಯುವ ಬ್ಲೇಡನ್ನೇ ಕೇಳಿ ಎಂದು ಸೌದಿ ಅಧಿಕಾರಿಗಳು ಹಾಜಿಗಳಿಗೆ ಎಚ್ಚರಿಸುವುದು ಇದಕ್ಕಾಗಿ.

ನಮ್ಮ ನಾಡಿನಲ್ಲಿ ಶೇವರ್ ಗೆಲ್ಲಲಿಲ್ಲ. 1905ರಲ್ಲೇ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದಿತ್ತು ನಿಜ, ಆದರೆ ಬೆಳಗಿನ ಹೊತ್ತು ಕರೆಂಟು ಇರುತ್ತದೆಂಬ ನಂಬಿಕೆ ಬಹಳ ಊರುಗಳಿಗೆ ಬರಲೇ ಇಲ್ಲ. ಗೆದ್ದದ್ದು ಎರಡಂಚಿನ ಬ್ಲೇಡು. ಮಲ್ಹೋತ್ರಾ ಮನೆತನದ ಟೋಪಾಜ್ ಮನೆಮಾತಾಯಿತು. ಗಡ್ಡಕ್ಕೆ ಮೊಂಡಾದ ಬ್ಲೇಡಿನಲ್ಲಿ ಮಕ್ಕಳು ಪೆನ್ಸಿಲ್ ಚೂಪು ಮಾಡಿದರು, ದರ್ಜಿಗಳು ಹೊಲಿಗೆ ಬಿಚ್ಚಿದರು. ಕೊನೆಗೆ ಕಸದಲ್ಲಿ ಬಿದ್ದದ್ದು ಚಿಂದಿ ಆಯುವವರ ಬೆರಳು ಕೊಯ್ದಿತು, ಅದನ್ನು ಯಾವ ಜಾಹೀರಾತೂ ಹೇಳಲಿಲ್ಲ. ಜಿಲೆಟ್ ಕಂಪನಿ 2002ರ ಸುಮಾರಿಗೆ ಭಾರತಕ್ಕೆಂದು ಮಾಡಿದ ರೇಜರನ್ನು ಅಮೆರಿಕದಲ್ಲಿ ಓದುತ್ತಿದ್ದ ನಮ್ಮ ವಿದ್ಯಾರ್ಥಿಗಳ ಮುಖದ ಮೇಲೆ ಪರೀಕ್ಷಿಸಿತ್ತು. ಅವರಿಗೆ ಇಷ್ಟವಾಯಿತು, ಇಲ್ಲಿ ಸೋತಿತು. ಅಲ್ಲಿ ನಲ್ಲಿಯ ನೀರು ಸುರಿಯುತ್ತಿತ್ತು, ಇಲ್ಲಿ ಒಂದು ಲೋಟ ನೀರಿನಲ್ಲಿ ಅದ್ದಿದರೆ ಸಿಕ್ಕಿಕೊಂಡ ಕೂದಲು ಹೊರಬರಲಿಲ್ಲ. ಮುಂದೆ ಕಂಪನಿಯವರು ಇಲ್ಲಿನ ಮನೆಗಳಲ್ಲೇ ಕೂತು ನೋಡಿ ಒಂಟಿ ಅಲಗಿನ ಅಗ್ಗದ ರೇಜರ್ ಮಾಡಿ 2010ರಲ್ಲಿ 15 ರೂಪಾಯಿಗೆ ಮಾರಿದರು.

ಕ್ಷೌರದ ಅಂಗಡಿಯಲ್ಲಿ ಹಳೆಯ ಉಸ್ತರಾ ಮರೆಯಾದದ್ದು ಶೇವರಿನಿಂದಲ್ಲ, ಏಡ್ಸ್ ಭಯದಿಂದ. 1986ರಲ್ಲಿ ದೇಶದ ಮೊದಲ ಪ್ರಕರಣ ಚೆನ್ನೈನಲ್ಲಿ ಪತ್ತೆಯಾದ ಮೇಲೆ ಹಳ್ಳಿಯ ಗಿರಾಕಿಯೂ 'ಹೊಸ ಬ್ಲೇಡು ಹಾಕಪ್ಪಾ' ಎನ್ನಲು ಕಲಿತ. ಅರ್ಧ ಬ್ಲೇಡು ಸಿಕ್ಕಿಸುವ ಹಿಡಿ ಬಂತು. ಸಾಣೆಕಲ್ಲೂ ಚರ್ಮದ ಪಟ್ಟಿಯೂ ಅಟ್ಟ ಸೇರಿದವು.

2020ರ ಲಾಕ್‌ಡೌನಿನಲ್ಲಿ ಅಂಗಡಿಗಳೇ ಮುಚ್ಚಿದವು. ಕೈಯಲ್ಲಿ ಕಾಸಿದ್ದವರು ಟ್ರಿಮ್ಮರ್ ತರಿಸಿಕೊಂಡರು. ಕರ್ನಾಟಕ ಸರಕಾರ ಸುಮಾರು 2.30 ಲಕ್ಷ ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಎರಡು ತಿಂಗಳ ಬಾಡಿಗೆಗೂ ಸಾಲದು ಎಂದವರು ಅವರಲ್ಲಿ ಅನೇಕರಿದ್ದರು. ಅದೇ ವರ್ಷದ ನವೆಂಬರಿನಲ್ಲಿ ನಂಜನಗೂಡು ತಾಲೂಕಿನ ಹಳ್ಳಿಯೊಂದರಿಂದ ಸುದ್ದಿ ಬಂತು. ದಲಿತರ ಕೂದಲು ಕತ್ತರಿಸಿದ್ದಕ್ಕೆ ಕ್ಷೌರಿಕನ ಕುಟುಂಬಕ್ಕೆ ಊರಿನ ಬಲಿಷ್ಠರು ಬಹಿಷ್ಕಾರ ಹಾಕಿ 50,000 ರೂಪಾಯಿ ದಂಡ ಕೇಳಿದರು ಎಂಬುದು ಆತನ ದೂರು. ಅಂಬೇಡ್ಕರರ ಬಾಲ್ಯದ ಸಾತಾರದಲ್ಲಿ ಕತ್ತಿ ಹಿಡಿದವನೇ ಒಲ್ಲೆನೆಂದಿದ್ದ. ಇಲ್ಲಿ ಅವನು ಒಪ್ಪಿದ್ದ, ಇತರರಿಂದ ಪಡೆಯುವಷ್ಟೇ ಹಣಕ್ಕೆ.