ಇಂಜಿನ್ ಬದಲಿಸಿದ ಸ್ಪೋರ್ಟ್ಸ್ ಕಾರು ಮತ್ತೆ ರಸ್ತೆಗೆ: ಗ್ಯಾರೇಜಿನಿಂದ ಆರ್‌ಟಿಒ ತನಕ ಗೊತ್ತಿರಬೇಕಾದ ವಿಷಯಗಳು

ಉಡುಪಿ: ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಸಣ್ಣ ಸ್ಪೋರ್ಟ್ಸ್ ಕಾರಿಗೆ ಬೇರೆ ಇಂಜಿನ್ ಕೂರಿಸಿ ಸ್ಟಾರ್ಟ್ ಮಾಡುವುದು ಈಗ ಅಷ್ಟೇನೂ ಕಷ್ಟದ ಕೆಲಸ ಅಲ್ಲ. ಒಳ್ಳೆ ಮೆಕ್ಯಾನಿಕ್, ಲೇತ್ ಕೆಲಸದವರು, ವೈರಿಂಗ್ ಗೊತ್ತಿದ್ದ ಒಬ್ಬರು ಸಿಕ್ಕಿದರೆ ಆಗ್ತದೆ. ಕಷ್ಟ ಇರುವುದು ನಂತರ. ಬಾನೆಟ್ ಒಳಗಿರುವ ಇಂಜಿನ್ ನಂಬರಿಗೂ ಆರ್‌ಸಿಯಲ್ಲಿರುವ ನಂಬರಿಗೂ ತಾಳೆ ಆಗದಿದ್ದರೆ ಎಷ್ಟೇ ಚಂದ ಓಡಿದರೂ ಆ ಕಾರು ಶೆಡ್ಡಿನದ್ದೇ, ರಸ್ತೆಯದ್ದಲ್ಲ. ಅಪಘಾತ ಆದ ದಿನ ಇದರ ಬೆಲೆ ಗೊತ್ತಾಗ್ತದೆ. ಹಾಗಾಗಿ ಕಾಗದದ ಕೆಲಸ ಮೊದಲು, ನಟ್ಟು ಬೋಲ್ಟಿನ ಕೆಲಸ ಆಮೇಲೆ.

ಕಿಟ್ ಕಾರು ಅಂದ್ರೆ ಎಂತ?

ಒಬ್ಬರು ಮಾಡಿದ ಚಾಸಿಸ್ ಮತ್ತು ಬಾಡಿಗೆ ಇನ್ನೊಂದು ಕಂಪೆನಿಯ ಇಂಜಿನ್, ಗೇರ್‌ಬಾಕ್ಸ್ ಕೂರಿಸಿ ಮಾಡುವ ಕಾರು. ಬ್ರಿಟನ್‌ನಲ್ಲಿ 1957ರಲ್ಲಿ ಬಂದ ಲೋಟಸ್ ಸೆವೆನ್ ಇದರಲ್ಲಿ ಹೆಸರಾದದ್ದು. ಆಗ ಅಲ್ಲಿ ಪೂರ್ತಿ ಜೋಡಿಸಿದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಪೆಟ್ಟಿಗೆಯಾಗಿ ಕೊಂಡರೆ ಇರಲಿಲ್ಲ. ಜನ ಪೆಟ್ಟಿಗೆ ತಂದು ಮನೆಯಲ್ಲೇ ಜೋಡಿಸಿಕೊಂಡರು.

ನಮ್ಮ ದೇಶದಲ್ಲಿ ಈ ಜಾತಿಗೆ ಹತ್ತಿರದ್ದು ಮುಖ್ಯವಾಗಿ ಎರಡು. ಮಹಾರಾಷ್ಟ್ರದ ಅಲಿಬಾಗ್ ಕಡೆಯ ಚಿಂಕಾರಾ ಮೋಟಾರ್ಸ್‌ನವರ ರೋಡ್‌ಸ್ಟರ್ 1.8 ಎಸ್. ಲೋಟಸ್ ಸೆವೆನ್ ಮಾದರಿಯ ಈ ಫೈಬರ್ ಬಾಡಿ ಕಾರಿಗೆ ಹಾಕಿದ್ದು ಹಿಂದೂಸ್ತಾನ್ ಕಾಂಟೆಸ್ಸಾದಲ್ಲಿದ್ದ 1.8 ಲೀಟರಿನ ಇಸುಜು ಇಂಜಿನ್. ಇನ್ನೊಂದು ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್. 1990ರ ದಶಕದ ಕೊನೆಗೆ ಬಂದ ಇದಕ್ಕೂ ಫೈಬರ್ ಬಾಡಿ, ಒಳಗೆ ರೆನೋ ಕಂಪೆನಿಯ 1,149 ಸಿಸಿ ಪೆಟ್ರೋಲ್ ಇಂಜಿನ್. ಇದು ಕಿಟ್ಟಾಗಿ ಬಂದದ್ದಲ್ಲ, ಫ್ಯಾಕ್ಟರಿಯ ಕಾರೇ. ಆದರೆ ತೊಂದರೆ ಎರಡಕ್ಕೂ ಒಂದೇ. ಕಾಂಟೆಸ್ಸಾ ತಯಾರಿ 2002ರಲ್ಲಿ ನಿಂತಿತು. ಸ್ಟಾರ್ಮ್ ಕೂಡ ಈಗ ತಯಾರಾಗುವುದಿಲ್ಲ. ಬಾಡಿಗೆ ತುಕ್ಕಿಲ್ಲ, ಆದರೆ ಇಂಜಿನ್ ಸಾಮಾನು ಅಂಗಡಿಯಲ್ಲಿ ಸಿಗುವುದಿಲ್ಲ. ಅಲ್ಲಿಂದ ಶುರುವಾಗ್ತದೆ ಬೇರೆ ಇಂಜಿನ್ ಹಾಕುವ ಮಾತು.

ಮೂರು ದಾರಿ, ಮೂರು ಲೆಕ್ಕ

ಇಂಜಿನ್ ಕೆಲಸ ಅಂತ ಎಲ್ಲರೂ ಒಂದೇ ಹೆಸರಲ್ಲಿ ಹೇಳ್ತಾರೆ. ಕಾನೂನಿನ ಲೆಕ್ಕದಲ್ಲಿ ಅದು ಮೂರು ಬೇರೆ ಬೇರೆ ಕೆಲಸ.

ಒಂದು, ಇದ್ದ ಇಂಜಿನನ್ನೇ ಬಿಚ್ಚಿ ರಿಪೇರಿ ಮಾಡುವುದು. ಬೋರ್ ಮಾಡಿಸಿ, ಪಿಸ್ಟನ್, ರಿಂಗ್, ಬೇರಿಂಗ್ ಬದಲಿಸಿದರೂ ನಂಬರು ಇರುವ ಬ್ಲಾಕ್ ಹಳೆಯದ್ದೇ. ಆರ್‌ಸಿಯಲ್ಲಿ ಏನೂ ಬದಲಾಗುವುದಿಲ್ಲ. ಖರ್ಚು ಸ್ವಲ್ಪ ಹೆಚ್ಚಾದರೂ ತಲೆಬಿಸಿ ಅತಿ ಕಡಿಮೆ.

ಎರಡು, ಅದೇ ಕಂಪೆನಿಯ, ಅದೇ ಮಾದರಿಯ ಇನ್ನೊಂದು ಇಂಜಿನ್ ಕೂರಿಸುವುದು. ಉದಾಹರಣೆಗೆ ಚಿಂಕಾರಾದ ಇಸುಜು ತೆಗೆದು ಕಾಂಟೆಸ್ಸಾದ ಇಸುಜು ಹಾಕುವುದು. ಇಲ್ಲಿ ಬದಲಾಗುವುದು ಇಂಜಿನ್ ನಂಬರು ಮಾತ್ರ. ಆರ್‌ಟಿಒ ಅನುಮತಿ ಬೇಕು, ಆದರೆ ದಾರಿ ಉಂಟು.

ಮೂರು, ಬೇರೆ ಕಂಪೆನಿಯ, ಬೇರೆ ಸಿಸಿಯ ಇಂಜಿನ್ ಹಾಕುವುದು. ಹೆಚ್ಚಿನ ಹುಡುಗರ ಆಸೆ ಇದೇ. ಅತಿ ಹೆಚ್ಚು ಸಿಕ್ಕಿಬೀಳುವುದೂ ಇಲ್ಲೇ.

ಕಾನೂನು ಹೇಳುವುದು ಏನು?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಮೂಲ. ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಮಾಲಕರು ವಾಹನವನ್ನು ಬದಲಿಸುವಂತಿಲ್ಲ. ಒಪ್ಪಿಗೆ ಇರುವ ಬದಲಾವಣೆ ಮಾಡಿದರೂ 14 ದಿನದ ಒಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಆರ್‌ಸಿ ಕೊಟ್ಟು, ಶುಲ್ಕ ಕಟ್ಟಿ ಹೊಸ ವಿವರ ದಾಖಲಿಸಿಕೊಳ್ಳಬೇಕು. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸಿದ ವಾಹನಕ್ಕೆ ನೋಂದಣಿ ಇಲ್ಲ ಎಂಬುದು ತೀರ್ಪಿನ ಸಾರ.

2019ರ ತಿದ್ದುಪಡಿಯಲ್ಲಿ ಶಿಕ್ಷೆಯೂ ಬಂತು. ಅನುಮತಿ ಇಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಇದು 182ಎ ಸೆಕ್ಷನ್.

ಪೆಟ್ರೋಲ್ ಕಾರನ್ನು ಸಿಎನ್‌ಜಿ ಅಥವಾ ಬ್ಯಾಟರಿಗೆ ಬದಲಿಸುವುದಕ್ಕೆ ಮಾತ್ರ ಕಾಯ್ದೆಯಲ್ಲೇ ಪ್ರತ್ಯೇಕ ಅವಕಾಶ ಉಂಟು. ಅಲ್ಲಿಯೂ ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆ ಒಪ್ಪಿದ ಕಿಟ್ ಆಗಿರಬೇಕು.

ಬ್ರಿಟನ್‌ನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವ ವ್ಯವಸ್ಥೆ ಇದೆ. ನಮ್ಮಲ್ಲಿ ಹಾಗಲ್ಲ, ತಯಾರಕರು ಮಾದರಿಯನ್ನು ಪರೀಕ್ಷೆಗೆ ಕೊಟ್ಟು ಪ್ರಮಾಣಪತ್ರ ತರಬೇಕು. ಮಣಿಪಾಲದ ಎಂಐಟಿ ವಿದ್ಯಾರ್ಥಿಗಳ ಫಾರ್ಮುಲಾ ಮಣಿಪಾಲ್ ತಂಡದವರು ಕಟ್ಟುವ ರೇಸ್ ಕಾರು ಸ್ಪರ್ಧೆಯ ಟ್ರ್ಯಾಕಿಗೆ ಆಗುವಂಥದ್ದು. ಅಂಥದ್ದನ್ನು ನೋಡಿ ಮನೆಯಲ್ಲೂ ಒಂದು ಕಟ್ಟಿ ನಂಬರ್ ಪ್ಲೇಟ್ ಹಾಕಿಸುವ ಅಂದ್ರೆ ಆಗ್ಲಿಕ್ಕಿಲ್ಲ.

ವಿಂಟೇಜ್ ಅಂತ ಮಾಡಿಸಿದರೆ ಆಗ್ತದಾ ಅಂತ ಕೇಳುವವರಿದ್ದಾರೆ. 2021ರ ನಿಯಮದ ಪ್ರಕಾರ ವಿಂಟೇಜ್ ಆಗಲು ವಾಹನಕ್ಕೆ 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಇಂಜಿನ್ ಬದಲಿಸಿದ ಸ್ಟಾರ್ಮ್, ಚಿಂಕಾರಾ ಎರಡಕ್ಕೂ ಆ ಬಾಗಿಲು ಇಲ್ಲ.

ಹಳೆ ಇಂಜಿನ್ ತರುವಾಗ

ಗುಜರಿಯಿಂದ ಇಂಜಿನ್ ತರುವವರು ಬಿಲ್ ಇಲ್ಲದೆ ತರಲೇಬಾರದು. ಬಿಲ್ಲಿನಲ್ಲಿ ಇಂಜಿನ್ ನಂಬರು, ಯಾವ ಗಾಡಿಯಿಂದ ತೆಗೆದದ್ದು, ಮಾರಿದವರ ಹೆಸರು ವಿಳಾಸ ಇರಬೇಕು. ಇಂಜಿನ್ ಕೊಟ್ಟ ಗಾಡಿಯ ಆರ್‌ಸಿ ರದ್ದಾಗಿದ್ದರೆ ಅದರ ಪ್ರತಿಯನ್ನೂ ತೆಗೆದಿಡಿ. ಗಾಡಿ ಪೂರ್ತಿ ನಿರುಪಯುಕ್ತ ಆದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಅಂತ ಕಾಯ್ದೆಯ 55ನೇ ಸೆಕ್ಷನ್ ಹೇಳ್ತದೆ. ಕದ್ದ ಗಾಡಿಯದ್ದೋ ಅಂತ ನೋಡಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾಹನ್ ಸಮನ್ವಯ್ ಪೋರ್ಟಲ್ ಉಂಟು.

ನಂಬರು ಉಜ್ಜಿದ, ಗ್ರೈಂಡರ್ ಹಿಡಿಸಿದ ಗುರುತು ಇರುವ ಬ್ಲಾಕ್ ಮುಟ್ಟಲೇಬೇಡಿ, ಎಷ್ಟೇ ಕಡಿಮೆಗೆ ಕೊಟ್ಟರೂ. ಬಿಡಿಭಾಗದ ಅಂಗಡಿಯವರಿಗೂ ಇದೇ ಮಾತು. ಬಿಲ್ ಬರೆದು ಕೊಟ್ಟರೆ ನಾಳೆ ಪೊಲೀಸರು ಕೇಳಿದಾಗ ಉತ್ತರ ಇರ್ತದೆ.

ಗ್ಯಾರೇಜಿನಲ್ಲಿ ಗಮನಿಸಬೇಕಾದ್ದು

ಇಂಜಿನ್ ಕೂತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮೌಂಟಿಂಗ್ ಸರಿ ಇಲ್ಲದಿದ್ದರೆ ನಡುಕಕ್ಕೆ ಚಾಸಿಸ್‌ನ ವೆಲ್ಡಿಂಗ್ ಬಿಡ್ತದೆ. ಹಿಂದಿನ ಚಕ್ರ ತಿರುಗುವ ಚಿಂಕಾರಾದಂಥ ಕಾರಿನಲ್ಲಿ ಗೇರ್‌ಬಾಕ್ಸ್ ಸ್ವಲ್ಪ ಹಿಂದೆ ಮುಂದೆ ಆದರೂ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಿಸಿ ಬ್ಯಾಲೆನ್ಸ್ ಮಾಡಿಸಬೇಕು.

ಕಾರ್ಬ್ಯುರೇಟರ್ ಇದ್ದಲ್ಲಿ ಇಂಜೆಕ್ಷನ್ ಇಂಜಿನ್ ಬಂದರೆ ಪೆಟ್ರೋಲ್ ಲೈನ್ ಪೂರ್ತಿ ಬದಲಿಸಬೇಕು. ಕಾರ್ಬ್ಯುರೇಟರಿಗೆ ಸಾಕಾಗುವ ಒತ್ತಡ ಅರ್ಧ ಬಾರ್‌ಗಿಂತಲೂ ಕಡಿಮೆ, ಇಂಜೆಕ್ಷನ್‌ಗೆ ಸುಮಾರು 3 ಬಾರ್ ಬೇಕು. ಹಳೆ ರಬ್ಬರ್ ಪೈಪು ಆ ಒತ್ತಡಕ್ಕೆ ಒಡೆದರೆ ಬೆಂಕಿ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಸೇರಿದ ಪೆಟ್ರೋಲ್. ಹಳೆ ಕಾಲದ ರಬ್ಬರ್ ಪೈಪು, ಸೀಲು, ಡಯಾಫ್ರಾಂ ಅದಕ್ಕೆ ಬಾಳಿಕೆ ಬರುವುದಿಲ್ಲ. ಎಥೆನಾಲ್ ನೀರಿನಂಶ ಎಳೆದುಕೊಳ್ತದೆ, ಮಳೆಗಾಲ ಪೂರ್ತಿ ಓಡಿಸದೆ ಬಿಡುವ ಕಾರಿನ ಟ್ಯಾಂಕಿಗೆ ಇದು ಒಳ್ಳೆಯದಲ್ಲ.

ಫೈಬರ್ ಬಾಡಿಯಲ್ಲಿ ಇನ್ನೊಂದು ವಿಷಯ ಉಂಟು. ತಗಡಿನ ಬಾಡಿಯ ಹಾಗೆ ಇದರಲ್ಲಿ ಕರೆಂಟ್ ಹರಿಯುವುದಿಲ್ಲ. ಪ್ರತೀ ಲೈಟಿಗೂ, ಫ್ಯಾನಿಗೂ ಪ್ರತ್ಯೇಕ ಅರ್ತ್ ವೈರ್ ಚಾಸಿಸ್ ತನಕ ಎಳೆಯಬೇಕು. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಂಕಾಗುವ ತೊಂದರೆಗೆ ಹೆಚ್ಚಾಗಿ ಇದೇ ಕಾರಣ. ಬಾಡಿಗೆ ತುಕ್ಕಿಲ್ಲ ಅಂತ ಸಮಾಧಾನ ಪಡುವ ಹಾಗೂ ಇಲ್ಲ. ಕಾಪು, ಮಲ್ಪೆ ಕಡಲ ಬದಿಯ ಉಪ್ಪುಗಾಳಿ ಅಡಿಯ ಕಬ್ಬಿಣದ ಚಾಸಿಸನ್ನು ತಿನ್ನುತ್ತದೆ. ಇಂಜಿನ್ ಹೊರಗಿರುವಾಗಲೇ ಚಾಸಿಸ್ ಉಜ್ಜಿ, ತೂತು ಬಿದ್ದಿದೆಯಾ ನೋಡಿ ಪೈಂಟ್ ಹೊಡೆಯಬೇಕು. ಆಮೇಲೆ ಕೈ ಹೋಗುವುದಿಲ್ಲ.

ಗೋವಾ, ಮಹಾರಾಷ್ಟ್ರ ನಂಬರಿನ ಕಾರಾದರೆ

ಹೊರರಾಜ್ಯದ ಕಾರು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವುದಾದರೆ ಕೆಎ-20 ನಂಬರು ಮಾಡಿಸಬೇಕು. ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ, ಇಲ್ಲಿ ಫಾರಂ 27ರಲ್ಲಿ ಅರ್ಜಿ, ಕರ್ನಾಟಕದ ತೆರಿಗೆ, ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಮುಖ್ಯ ವಿಷಯ ಎಂದರೆ ಈ ಕೆಲಸ ಮುಗಿಯುವ ತನಕ ಹಳೆ ಇಂಜಿನ್ ಕಾರಿನಲ್ಲೇ ಇರಲಿ. ಎನ್‌ಒಸಿಯಲ್ಲಿ ಒಂದು ನಂಬರು, ಬಾನೆಟ್ ಒಳಗೆ ಇನ್ನೊಂದು ನಂಬರು ಇದ್ದರೆ ತಪಾಸಣೆಯಲ್ಲೇ ನಿಲ್ತದೆ. ಕೊಳ್ಳುವ ಮೊದಲೇ ಟಾರ್ಚ್ ಹಿಡಿದು ಇಂಜಿನ್ ನಂಬರು, ಚಾಸಿಸ್ ನಂಬರು ಎರಡನ್ನೂ ಆರ್‌ಸಿ ಜತೆ ತಾಳೆ ನೋಡಿ. ಹಿಂದಿನ ಮಾಲಕರು ಸದ್ದಿಲ್ಲದೆ ಇಂಜಿನ್ ಬದಲಿಸಿದ್ದರೆ ಆ ತಲೆನೋವು ಕೊಂಡವರ ಪಾಲಿಗೆ.

ಆರ್‌ಟಿಒ, ಹೊಗೆ ತಪಾಸಣೆ, ಇನ್ಶೂರೆನ್ಸ್

ಇಂಜಿನ್ ಕೊಳ್ಳುವ ಮೊದಲೇ ಮಣಿಪಾಲದ ಆರ್‌ಟಿಒ ಕಚೇರಿಯಲ್ಲಿ ಬರಹದಲ್ಲಿ ಕೇಳಿ. ವಾಹನ್ ಪೋರ್ಟಲ್‌ನಲ್ಲಿ ವಾಹನ ಮಾರ್ಪಾಡಿಗೆ ಪ್ರತ್ಯೇಕ ಸೇವೆ ಉಂಟು. ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್, ಇಂಜಿನ್ ಬಿಲ್, ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ತಯಾರಿಡಬೇಕು. ಕಾರನ್ನು ಮೋಟಾರು ವಾಹನ ನಿರೀಕ್ಷಕರು, ಅಂದರೆ ನಮ್ಮ ಕಡೆಯವರು ಹೇಳುವ ಬ್ರೇಕ್ ಇನ್‌ಸ್ಪೆಕ್ಟರ್, ನೋಡಬೇಕಾಗ್ತದೆ. ಆ ದಿನ ಓಡಿಸಿಕೊಂಡು ಹೋಗುವ ಬದಲು ಟೋಯಿಂಗ್ ಗಾಡಿಯಲ್ಲಿ ಹಾಕಿ ಒಯ್ಯುವುದು ಕ್ಷೇಮ.

15 ವರ್ಷ ದಾಟಿದ ಕಾರಾದರೆ ಆರ್‌ಸಿ ನವೀಕರಣ ಫಾರಂ 25ರಲ್ಲಿ, ಪ್ರತೀ ಸಲ 5 ವರ್ಷಕ್ಕೆ. ಇದಕ್ಕೆ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ, 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000 ರೂಪಾಯಿ. ತಡವಾದರೆ ತಿಂಗಳಿಗೆ 500 ರೂಪಾಯಿ ಸೇರ್ತದೆ. ವರ್ಷಗಟ್ಟಲೆ ಶೆಡ್ಡಿನಲ್ಲಿದ್ದ ಕಾರಿಗೆ ಇದೇ ದೊಡ್ಡ ಮೊತ್ತ ಆಗಬಹುದು.

ಹೊಗೆ ತಪಾಸಣೆಯಲ್ಲಿ ಕಾರು ಯಾವ ಬಿಎಸ್ ಮಟ್ಟದ್ದು ಎಂಬುದರ ಮೇಲೆ ಮಿತಿ. ಬಿಎಸ್‌ಗಿಂತ ಹಳೆಯ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಶೇ. 3ರ ತನಕ ನಡೆಯುತ್ತದೆ. ಬಿಎಸ್-2, ಬಿಎಸ್-3 ಆದರೆ ಶೇ. 0.5 ಮಾತ್ರ. ಹಾಗಾಗಿ ಬಿಎಸ್-3 ಕಾರಿಗೆ ಹಳೆ ಕಾರ್ಬ್ಯುರೇಟರ್ ಇಂಜಿನ್ ಹಾಕಿದರೆ ಇಲ್ಲೇ ಫೇಲ್.

ಥರ್ಡ್ ಪಾರ್ಟಿ ಇನ್ಶೂರೆನ್ಸಿನ ಕಂತು ನಿಂತಿರುವುದು ಸಿಸಿಯ ಮೇಲೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 1,000 ಸಿಸಿ ತನಕ 2,094 ರೂಪಾಯಿ, 1,500 ಸಿಸಿ ತನಕ 3,416, ಅದಕ್ಕಿಂತ ಮೇಲೆ 7,897. 1,149 ಸಿಸಿಯ ಸ್ಟಾರ್ಮ್‌ಗೆ 1,600 ಸಿಸಿ ಇಂಜಿನ್ ಹಾಕಿ ಹಳೆ ಕಂತೇ ಕಟ್ಟುತ್ತಿದ್ದರೆ ಇನ್ಶೂರೆನ್ಸ್ ಕಂಪೆನಿಗೆ ತಕರಾರು ತೆಗೆಯಲು ಬೇರೆ ಕಾರಣ ಬೇಡ. ಸ್ವಂತ ಕಾರಿನ ನಷ್ಟ ಸಿಗದೆ ಹೋಗಬಹುದು. ಎದುರಿನವರಿಗೆ ಕೊಟ್ಟ ಪರಿಹಾರವನ್ನು ಮಾಲಕರಿಂದಲೇ ವಸೂಲಿ ಮಾಡಲಿಕ್ಕೂ ಕಂಪೆನಿ ಹೊರಡಬಹುದು. ಆರ್‌ಸಿಯಲ್ಲಿ ಹೊಸ ನಂಬರು ಬಿದ್ದ ಕೂಡಲೇ ಪಾಲಿಸಿಯಲ್ಲೂ ತಿದ್ದಿಸಿಕೊಳ್ಳಿ.

ಮೊದಲ ಓಡಾಟ

ಕಾಗದ ಸರಿಯಾದ ಮೇಲೆ ನೇರ ಆಗುಂಬೆ ಘಾಟಿಗೆ ಹೊರಡಬೇಡಿ. 14 ತಿರುವಿನ ಆ ಏರಿನಲ್ಲಿ ಹೊಸದಾಗಿ ಕೂರಿಸಿದ ಇಂಜಿನ್ ಬಿಸಿಯಾದರೆ ಗಾಡಿ ನಿಲ್ಲಿಸಲಿಕ್ಕೂ ಜಾಗ ಇಲ್ಲ. ಮೊದಲು ಮನೆ ಹತ್ತಿರ ನಾಲ್ಕೈದು ಕಿಲೋಮೀಟರ್ ಓಡಿಸಿ, ಇಂಜಿನ್ ತಣಿದ ಮೇಲೆ ನೀರು, ಆಯಿಲ್ ಮಟ್ಟ, ಮೌಂಟಿಂಗ್ ಬೋಲ್ಟ್ ನೋಡಿ. ಆಮೇಲೆ ಉಡುಪಿ–ಕಾಪು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ತದೆ ಅಂತ ಗಮನಿಸಿ. ಅದು ಪಾಸಾದರೆ ಪರ್ಕಳ, ಹಿರಿಯಡ್ಕ ದಾಟಿ ಕಾರ್ಕಳ ತನಕ. ಆ ದಾರಿಯ ಏರು, ತಿರುವು, ಹಂಪ್ ಮೂರೂ ಕಾರಿನ ಕುಂದು ತೋರಿಸಿಕೊಡ್ತವೆ. ಸೀಟಿನ ಹಿಂದೆ ಒಂದು ಅಗ್ನಿಶಾಮಕ ಸಿಲಿಂಡರ್ ಇರಲಿ.

ಕೆಲಸದ ಕ್ರಮ ಚಿಕ್ಕದಾಗಿ

ಮೊದಲು ನಂಬರು ತಾಳೆ. ನಂತರ ಹೊರರಾಜ್ಯದ ಕಾರಾದರೆ ಕೆಎ-20. ನಂತರ ಆರ್‌ಸಿ ನವೀಕರಣ. ನಂತರ ಆರ್‌ಟಿಒ ಅನುಮತಿ, ಆಮೇಲೆ ಬಿಲ್ ಇರುವ ಇಂಜಿನ್. ಕೂರಿಸಿದ 14 ದಿನದೊಳಗೆ ವರದಿ, ತಪಾಸಣೆ, ಹೊಸ ಆರ್‌ಸಿ. ಕೊನೆಗೆ ಪಾಲಿಸಿ ತಿದ್ದುಪಡಿ. ಅನುಮತಿ ಸಿಗುವುದಿಲ್ಲ ಅಂತ ಮೊದಲೇ ಗೊತ್ತಾದರೂ ಲಾಭವೇ, ಆ ಇಂಜಿನಿಗೆ ಹಾಕುವ ಹಣದಲ್ಲಿ ಹಳೆಯದ್ದನ್ನೇ ರಿಪೇರಿ ಮಾಡಿಸಬಹುದು.